ಬದಲಿ ಆಟಗಾರನ ಬದಲಿ

ನನಗೆ ಹದಿನೇಳು ತುಂಬಿದ ವರ್ಷ ಹಡಪಸರದ ನಮ್ಮ ಓಣಿಯವರೆಲ್ಲ ಸೇರಿ ನಾನೊಬ್ಬ ದೊಡ್ಡ ಫುಟ್‌ಬಾಲ್ ಆಟಗಾರ ಎಂದು ತೀರ್ಮಾನಿಸಿಬಿಟ್ಟರು. ನಾನು ಇನ್ನೂ ಆಗಬೇಕಾಗಿತ್ತು, ಅಷ್ಟೇ.

ನಮ್ಮದು ಮ್ಯಾಚಿಂಗ್ ಸೆಂಟರ್. ಹೆಸರು ಕೇಳಿ ಆಟದ ಮ್ಯಾಚು ಅಂದುಕೊಳ್ಳಬಾರದು. ಸೀರೆಗೆ ಒಪ್ಪುವ ಕುಪ್ಪಸದ ಬಟ್ಟೆ, ಫಾಲ್, ಒಳಗೆ ಹಚ್ಚುವ ಅಸ್ತರು ಮಾರುವ ಅಂಗಡಿ. ಅಪ್ಪ ವಿಜಯಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಪುಣೆಗೆ ಬಂದವನು. ಗುಲಾಬಿ ಬಣ್ಣದಲ್ಲಿ ಎಷ್ಟು ಬಗೆ ಇದ್ದರೂ ಕಣ್ಣಳತೆಯಲ್ಲೇ ಬೇರೆ ಮಾಡಿ ತೋರಿಸುತ್ತಿದ್ದ. ಆದರೆ ಅರ್ಧ ಆಟವಾದ ಮೇಲೆ ಎರಡು ತಂಡಗಳು ಯಾಕೆ ಕಡೆ ಬದಲಿಸುತ್ತವೆ ಎಂಬುದು ಮಾತ್ರ ಅವನ ತಲೆಗೆ ಹೋಗಿರಲಿಲ್ಲ. ನಾನು ಗೋಲು ಹೊಡೆದೆ ಎಂದರೆ, ಯಾವ ಕಡೆ ಹೊಡೆದೆ ಎಂದು ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡೇ ಖುಷಿಪಡುತ್ತಿದ್ದ.

ನಾನು ಆಡುತ್ತಿದ್ದದ್ದು ಮನೆಯ ಹತ್ತಿರದ ಸಣ್ಣ ಕ್ಲಬ್ಬಿನಲ್ಲಿ, ಎಡಗಡೆಯ ಅಂಚಿನಲ್ಲಿ. ನಮ್ಮ ಕೋಚ್ ಸೋಲಾಪುರದ ಕನ್ನಡಿಗರು, ಹಡಪಸರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದೆವು. ಬೈಯುವುದು ಮರಾಠಿಯಲ್ಲಿ, ಹೊಗಳುವುದು ಕನ್ನಡದಲ್ಲಿ. ಹೀಗಾಗಿ ಅವರಿಗೆ ಕನ್ನಡ ಬರುತ್ತದೆ ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಎಲ್ಲಕ್ಕೂ ಕಾರಣವಾದದ್ದು ಇಂದಾಪುರದಲ್ಲಿ ನಡೆದ ಒಂದು ಪಂದ್ಯ. ಮೈದಾನದ ಪಕ್ಕದಲ್ಲೇ ಕಬ್ಬಿನ ಗದ್ದೆ. ಅಲ್ಲಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ನಾನು ಎಡ ಅಂಚಿನಿಂದ, ಗೋಲಿನ ಮುಂದೆ ನಿಂತ ನಮ್ಮವನ ತಲೆಗೆ ಸಿಗಲಿ ಎಂದು ಚೆಂಡನ್ನು ಎತ್ತಿ ಒದ್ದೆ. ಅದು ಅವನ ತಲೆಯನ್ನು ದಾಟಿ, ಗಾಳಿಗೆ ಸಿಕ್ಕಿ, ಹಾದಿ ತಪ್ಪಿದ ಎಮ್ಮೆಯ ಹಾಗೆ ತಿರುಗಿಕೊಂಡು ನೇರವಾಗಿ ಗೋಲಿನೊಳಗೆ ಹೋಗಿ ಬಿತ್ತು. ಎದುರಾಳಿ ಗೋಲ್‌ಕೀಪರ್ ಅದನ್ನು ನೋಡುತ್ತ ನಿಂತ. ನಾನೂ ನೋಡುತ್ತ ನಿಂತೆ.

ಆ ಗೋಲ್‌ಕೀಪರನನ್ನು ಆರಿಸಲೆಂದು ಸಮುದ್ರದ ಕಡೆಯ ದೊಡ್ಡ ಊರಿನ ದೊಡ್ಡ ಕ್ಲಬ್ಬಿನವರೊಬ್ಬರು ಅಂದು ಬಂದಿದ್ದರು. ಆಟ ಮುಗಿದ ಮೇಲೆ ಅವನನ್ನು ಬಿಟ್ಟು ನನ್ನ ಹತ್ತಿರ ಬಂದರು. ಆ ಮೂಲೆಯಿಂದ ಗೋಲಿಗೆ ಗುರಿಯಿಡುವ ಧೈರ್ಯ ಈ ವಯಸ್ಸಿನಲ್ಲಿ ಯಾರಿಗೂ ಇರುವುದಿಲ್ಲ ಎಂದು ಹಿಂದಿಯಲ್ಲಿ ಹೊಗಳಿದರು. ಅದು ಗುರಿಯಲ್ಲ, ಇನ್ನೊಬ್ಬನಿಗೆ ಕೊಟ್ಟ ಚೆಂಡು ಎಂದು ನಾನು ಪ್ರಾಮಾಣಿಕವಾಗಿಯೇ ಹೇಳಿದೆ. ಅವರು ಬೆನ್ನು ತಟ್ಟಿ, ವಿನಯವೂ ಇದೆ ಎಂದರು.

ಮುಂದಿನ ವಾರವೇ ಕರೆ ಬಂತು. ಸುದ್ದಿ ತಿಳಿದು ಸರ್ ಅಂಗಡಿಗೆ ಬಂದರು. ಅಪ್ಪ ಸ್ಟೂಲು ಕೊಟ್ಟು ಚಹಾ ತರಿಸಿದ. ಒಬ್ಬ ಹೆಂಗಸು ಗಿಣಿಹಸಿರಿಗೆ ಅಸ್ತರು ಆರಿಸುತ್ತಿದ್ದರು. ಆರಿಸುವುದನ್ನು ಬಿಟ್ಟು ಅವರೂ ಕೇಳುತ್ತ ನಿಂತರು.

"ಇನ್ನೆರಡು ವರ್ಷ ನನ್ನ ಹಂತ್ಯಾಕ ಬಿಡ್ರಿ," ಎಂದರು ಸರ್. "ಇಲ್ಲಿ ಪ್ರತಿ ಮ್ಯಾಚ್ ಆಡ್ತಾನ. ಅಲ್ಲಿ ಹೋದ್ರ ಬೆಂಚಿನ ಮ್ಯಾಲ ಕೂಡ್ತಾನ."

"ಕೂಡ್ಲಿ ಬಿಡ್ರಿ ಸರ್," ಎಂದ ಅಪ್ಪ. "ನಾನೂ ಕುಂತ ದುಡಿಯಾಂವನ. ದೊಡ್ಡವರ ನಡುವ ಕುಂತರ ನಾಕ ಮಾತು ಕಲೀತಾನ."

ಅಸ್ತರಿನ ಹೆಂಗಸು ತಮ್ಮ ಅಣ್ಣನ ಮಗ ಹೀಗೆಯೇ ಬಂದ ಅವಕಾಶ ಬಿಟ್ಟು ಈಗ ರಿಕ್ಷಾ ಓಡಿಸುತ್ತಿದ್ದಾನೆ ಎಂದು ಮರಾಠಿಯಲ್ಲಿ ಹೇಳಿದರು. ಅವನು ಆಡುತ್ತಿದ್ದದ್ದು ಕಬಡ್ಡಿಯಂತೆ. ಆದರೂ ಆ ಮಾತು ಗೆದ್ದಿತು. ಸರ್ ಚಹಾ ಕುಡಿದು, ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ನನಗೂ ಹೋಗುವ ಆಸೆ ಕುದಿಯುತ್ತಿತ್ತು. ಆ ಕ್ಲಬ್ಬಿನವರು ಆಟವಾದ ಮೇಲೆ ಬರ್ಫದ ನೀರಿನ ತೊಟ್ಟಿಯಲ್ಲಿ ಕೂರುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ನಮ್ಮ ಮೈದಾನದಲ್ಲಿ ಕುಡಿಯುವ ನೀರಿಗೇ ಗತಿಯಿರಲಿಲ್ಲ.

ಆಮೇಲೆ ಓಣಿಯವರು ಸುಮ್ಮನಿರಲಿಲ್ಲ. ಚೌಕದಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ನನ್ನ ಚಿತ್ರಕ್ಕಿಂತ ಶುಭಾಶಯ ಕೋರಿದವರ ಚಿತ್ರಗಳೇ ದೊಡ್ಡವಾಗಿದ್ದವು. ಅಂಗಿ ಹಾಕಿದ ನನ್ನ ಫೋಟೊ ಚೆನ್ನಾಗಿಲ್ಲವೆಂದು ಪ್ರಿಂಟಿಂಗಿನವನು ನನ್ನ ತಲೆಯನ್ನು ಯಾವುದೋ ವಿದೇಶಿ ಆಟಗಾರನ ಮೈಗೆ ಕೂಡಿಸಿದ್ದ. ಆ ತೊಡೆಗಳನ್ನು ನೋಡಿ ಅವ್ವನಿಗೆ ಗಾಬರಿಯಾಯಿತು. ಇಲ್ಲಿಯ ನಮ್ಮ ಕನ್ನಡದವರು ಹಾಲ್ ಹಿಡಿದು ಶಾಲು ಹೊದಿಸಿ, ಪೇಟ ಸುತ್ತಿ, ಹಣ್ಣಿನ ಬುಟ್ಟಿ ಕೊಟ್ಟರು. ಅಧ್ಯಕ್ಷರು ಭಾಷಣದಲ್ಲಿ ನನ್ನನ್ನು ಎರಡು ಸಲ ಹಾಕಿಪಟು ಎಂದರು. ಹೊರಡುವ ಮುನ್ನ ಮನೆಯವರು ಜೇಜುರಿಯ ದೇವರಿಗೂ ಕರೆದೊಯ್ದರು. ಅಪ್ಪ ಭಕ್ತಿ ಜಾಸ್ತಿಯಾಗಿ ಭಂಡಾರದ ಅರಿಶಿನವನ್ನು ನನ್ನ ತಲೆಯ ಮೇಲೆಯೇ ಸುರಿದ. ಹೊಸ ಬಿಳಿ ಬೂಟು ಅರಿಶಿನದ ಕೊಂಬಾಯಿತು. ದೊಡ್ಡ ಕ್ಲಬ್ಬಿನ ಬಾಗಿಲಲ್ಲಿ ಮೊದಲ ದಿನ ನಾನು ನಿಂತದ್ದು ಹಳದಿ ಕಾಲಿನಲ್ಲಿ. ಕಾಮಾಲೆ ಇದೆಯೇ ಎಂದು ಅಲ್ಲಿಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು.

ಅಲ್ಲಿ ಎಲ್ಲವೂ ಇತ್ತು. ಹಾಸಿದಂಥ ಹುಲ್ಲು, ಬರ್ಫದ ತೊಟ್ಟಿ, ಊಟ ತೂಗಿ ಕೊಡುವ ಒಬ್ಬ ಹೆಣ್ಣುಮಗಳು. ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಆಕೆ ಎರಡು ಬೆರಳಲ್ಲಿ ಎತ್ತಿ ನೋಡಿ, ಇದನ್ನು ತಿಂದರೆ ಎಷ್ಟು ಓಡಬೇಕಾಗುತ್ತದೆ ಎಂದು ಲೆಕ್ಕ ಹೇಳಿ, ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಎರಡು ದಿನ ಬಿಟ್ಟು ನೋಡಿದರೆ ಡಬ್ಬಿ ಖಾಲಿಯಾಗಿತ್ತು. ಆಕೆ ಓಡಿದ್ದನ್ನು ನಾನು ನೋಡಲಿಲ್ಲ.

ಇಲ್ಲದಿದ್ದದ್ದು ಒಂದೇ, ನನಗೆ ಜಾಗ. ಎಡಗಡೆಯ ಅಂಚಿಗೆ ಮೊದಲೇ ಮೂವರಿದ್ದರು. ಮೊದಲನೆಯವನು ಪರದೇಶದವನು. ಎರಡನೆಯವನು ದೇಶದ ತಂಡಕ್ಕೆ ಆಡಿದವನು. ಮೂರನೆಯವನು ಅವರಿಬ್ಬರಲ್ಲಿ ಒಬ್ಬನಿಗೆ ಏನಾದರೂ ಆದೀತೆಂದು ಕಾಯುತ್ತಿದ್ದವನು. ನಾನು ಆ ಮೂರನೆಯವನಿಗೆ ಏನಾದರೂ ಆದೀತೆಂದು ಕಾಯಬೇಕಾಗಿತ್ತು. ನಾಲ್ವರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೆವು. ಮೂರನೆಯವನು ಕೆಮ್ಮಿದರೆ ನಾನು ತಲೆಯೆತ್ತಿ ನೋಡುತ್ತಿದ್ದೆ. ಅವನಿಗೆ ಅದು ಗೊತ್ತಿತ್ತು. ಕೆಮ್ಮು ಬಂದರೆ ಎದ್ದು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದ.

ಹಾಗಾಗಿ ನನ್ನ ಕೆಲಸ ವಾರ್ಮ್ ಅಪ್. ಪಂದ್ಯ ನಡೆಯುತ್ತಿರುವಾಗ ಗೆರೆಯ ಆಚೆ ಓಡುವುದು, ಮೊಣಕಾಲು ಎತ್ತುವುದು, ಮತ್ತೆ ಬೆಂಚಿಗೆ ಬಂದು ಕೂರುವುದು. ಅದನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಹೊಸದಾಗಿ ಬಂದವರಿಗೆ ನನ್ನನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು. ಊರಲ್ಲಿ ಅಂಗಡಿಯವರೆಲ್ಲ ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದರು. ಕ್ಯಾಮೆರಾ ನಮ್ಮ ಕಡೆ ತಿರುಗಿದಾಗ ನನ್ನ ಮೊಣಕೈಯೋ ಕಿವಿಯೋ ಕಂಡರೆ ಅಪ್ಪನಿಗೆ ಅದೇ ಗೋಲು. ಫೋನು ಮಾಡಿ, ಇವತ್ತು ಚಲೋ ಓಡಿದೆ ಎನ್ನುತ್ತಿದ್ದ. ಅವ್ವನ ಚಿಂತೆ ಬೇರೆ.

"ನಿನ್ನ ಬಾಜು ಕುಂತಾಂವ ಶಾಲು ಹೊತ್ಗೊಂಡಾನ. ನಿನಗ್ಯಾಕ ಕೊಟ್ಟಿಲ್ಲ?" ಎಂದು ಕೇಳಿದಳು.

ಅದು ಶಾಲಲ್ಲ, ಆಡಿ ಬೆವರಿ ಬಂದವನಿಗೆ ಕೊಟ್ಟ ಟವೆಲ್ಲು ಎಂದು ಹೇಳಿದೆ. ಬೆವರಲು ಏನು ಮಾಡಬೇಕು ಎಂದು ಅವಳು ಕೇಳಲಿಲ್ಲ, ಅದೊಂದು ಪುಣ್ಯ.

ಆ ವರ್ಷದ ಸೀಸನ್ನಿನ ಕೊನೆಯ ಹೊತ್ತಿಗೆ ಒಂದು ಸಂಜೆ ಮೂರನೆಯವನಿಗೆ ಜ್ವರ ಬಂತು, ಎರಡನೆಯವನು ಕುಂಟುತ್ತಿದ್ದ. ಪಂದ್ಯ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಆಡುತ್ತಿದ್ದ ಪರದೇಶದವನು ಸುಸ್ತಾಗಿ ಕೈಯೆತ್ತಿದ. ಕೋಚ್ ನನ್ನ ಹೆಸರು ಕರೆದರು. ಒಂದು ಕ್ಷಣ ಅದು ಯಾರ ಹೆಸರೆಂದು ನನಗೇ ಹೊಳೆಯಲಿಲ್ಲ. ಜಾಕೆಟ್ ಬಿಚ್ಚಿ, ನಂಬರಿನ ಹಲಗೆ ಹಿಡಿದವನ ಪಕ್ಕ ಗೆರೆಯ ಹತ್ತಿರ ಹೋಗಿ ನಿಂತೆ. ಚೆಂಡು ಎಲ್ಲಾದರೂ ಹೊರಗೆ ಹೋಗಿ ಆಟ ನಿಂತರೆ ಮಾತ್ರ ನಾನು ಒಳಗೆ ಹೋಗಬಹುದು. ನಮ್ಮವರು ಒಂದು ಗೋಲು ಮುಂದಿದ್ದರು. ಚೆಂಡನ್ನು ಎದುರಾಳಿಗೆ ಕೊಡದೆ ತಮ್ಮತಮ್ಮಲ್ಲೇ ಇಟ್ಟುಕೊಳ್ಳುವುದನ್ನು ಅವರಿಗೆ ವರ್ಷವಿಡೀ ಕಲಿಸಿದ್ದರು. ಅಂದು ಅವರು ಅದನ್ನು ಎಂದೂ ಮಾಡದಷ್ಟು ಸೊಗಸಾಗಿ ಮಾಡಿದರು. ಯಾರಾದರೂ ತಪ್ಪು ಮಾಡಲಪ್ಪ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಯಾರೂ ಮಾಡಲಿಲ್ಲ. ರೆಫರಿ ಉದ್ದ ಸೀಟಿ ಊದಿದ.

ಹಲಗೆಯವನು ನನ್ನ ಮುಖ ನೋಡದೆ ಹಲಗೆ ಮಡಚಿದ. ನಾನು ಒಳಗೆ ಹೋಗಿ ಎಲ್ಲರ ಕೈ ಕುಲುಕಿದೆ. ಎದುರಾಳಿಯೊಬ್ಬ ಬೆವರಲ್ಲಿ ತೊಯ್ದ ತನ್ನ ಜೆರ್ಸಿ ಬಿಚ್ಚಿ ನನಗೆ ಕೊಟ್ಟು ನನ್ನದನ್ನು ಕೇಳಿದ. ಕೊಟ್ಟೆ. ಇಸ್ತ್ರಿಯ ಗೆರೆ ಮಾಸದ ಆ ಜೆರ್ಸಿಯನ್ನು ಅವನು ತಿರುಗಿಸಿ ತಿರುಗಿಸಿ ನೋಡಿದ.

ಇತ್ತ ಅಂಗಡಿಯಲ್ಲಿ ನಾನು ಗೆರೆಯ ಹತ್ತಿರ ನಿಂತದ್ದು ಕಂಡ ಕೂಡಲೇ ಮೊಬೈಲಿನ ಚಿತ್ರ ನಿಂತು ಚಕ್ರ ತಿರುಗತೊಡಗಿತ್ತು. ಮತ್ತೆ ಚಿತ್ರ ಬಂದಾಗ ನಾನು ಮೈದಾನದ ನಡುವೆ ಕೈ ಕುಲುಕುತ್ತಿದ್ದೆ. ಅಪ್ಪ ತಡಮಾಡಲಿಲ್ಲ. ಪೇಢೆ ತರಿಸಿ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಹಂಚಿ, ಬಾಯಲ್ಲೊಂದು ಪೇಢೆ ಇಟ್ಟುಕೊಂಡೇ ಫೋನು ಮಾಡಿದ.

"ಅಪ್ಪಾ, ನಾ ಒಳಗ ಹೋಗಲಿಲ್ಲ," ಎಂದೆ. "ಹೋಗೂದ್ರಾಗ ಮುಗೀತು."

ಅತ್ತ ಕಡೆ ಪೇಢೆ ನುಂಗುವ ಸಪ್ಪಳ ಕೇಳಿಸಿತು. "ಹಂಚಿಬಿಟ್ಟೇನಲ್ಲೋ," ಎಂದ.

ನಕ್ಕೆ. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ರಜೆಗೆ ಊರಿಗೆ ಬಂದಾಗ ಹಳೆಯ ಕ್ಲಬ್ಬಿನ ಹುಡುಗರ ಜೊತೆ ಸುಮ್ಮನೆ ಒಂದು ಆಟ ಆಡಿದೆ. ಎಲ್ಲರಿಗಿಂತ ವೇಗವಾಗಿದ್ದೆ. ಆದರೆ ಚೆಂಡು ಇಲ್ಲಿಗೆ ಬರುತ್ತದೆ ಎಂದು ಓಡಿದರೆ ಅದು ಅಲ್ಲಿಗೆ ಹೋಗುತ್ತಿತ್ತು. ನಾನು ತಿರುಗುವಷ್ಟರಲ್ಲಿ ಯಾರೋ ಒಯ್ದಿರುತ್ತಿದ್ದರು. ವರ್ಷವಿಡೀ ಗೆರೆಯ ಗುಂಟ ನೇರ ಓಡಿದ ಕಾಲು ಗೆರೆಯನ್ನೇ ಹುಡುಕುತ್ತಿತ್ತು. ಸರ್ ಬದಿಯಲ್ಲಿ ನಿಂತು ನೋಡಿದರು. ಆಟ ಮುಗಿದ ಮೇಲೆ ನೀರಿನ ಬಾಟಲಿ ಕೊಟ್ಟು ಕನ್ನಡದಲ್ಲೇ ಶುರು ಮಾಡಿದರು. ಹೊಗಳುತ್ತಾರೆ ಎಂದುಕೊಂಡೆ.

"ಓಡೂದು ಭಾಳ ಚಲೋ ಕಲ್ತೀದಿ," ಎಂದರು. "ಎಲ್ಲಿಗೆ ಓಡಬೇಕು ಅನ್ನೂದು ಮರ್ತೀದಿ. ಅದು ಆಡಿದ್ರನ ಬರ್ತದ, ನೋಡಿದ್ರ ಬರೂದಿಲ್ಲ."

ಮರಾಠಿಯಲ್ಲಿ ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ. ಮರುದಿನವೇ ದೊಡ್ಡ ಕ್ಲಬ್ಬಿಗೆ ಫೋನು ಮಾಡಿ ನನ್ನನ್ನು ಬಿಟ್ಟುಕೊಡಿ ಎಂದು ಕೇಳಿದೆ. ಅವರು ಒಳ್ಳೆಯವರೇ. ಮುಂದೆಂದೋ ಕಟ್ಟುವ ತಂಡದಲ್ಲಿ ನಾನಿದ್ದೇನೆ, ದುಡುಕಬೇಡ ಎಂದು ತಿಳಿಹೇಳಿದರು. ಆ ತಂಡ ಬರುವವರೆಗೆ ನಾನು ಏನು ಮಾಡಲಿ ಎಂದೆ. ವಾರ್ಮ್ ಅಪ್ ಎಂದು ಅವರು ಹೇಳಲಿಲ್ಲ. ಆದರೆ ಬೇರೆ ಏನನ್ನೂ ಹೇಳಲಿಲ್ಲ.

ಬಿಟ್ಟು ಬರುವುದು ಸುಲಭವಾಯಿತು. ಓಣಿಯೊಳಗೆ ಬರುವುದು ಕಷ್ಟವಾಯಿತು. ಪೇಟ ಸುತ್ತಿಸಿಕೊಂಡು ಹೋದವನು ಬ್ಯಾಗು ಹಿಡಿದು ಬಂದದ್ದನ್ನು ಏನೆಂದು ಹೇಳುವುದು? ಅವ್ವ ಇದನ್ನು ಬಗೆಹರಿಸಿದಳು. ಕೇಳಿದವರಿಗೆಲ್ಲ, ನಮ್ಮ ಹುಡುಗನಿಗೆ ಟ್ರಾನ್ಸ್‌ಫರ್ ಆಗಿದೆ ಎಂದಳು. ಬ್ಯಾಂಕಿನವರಿಗೆ, ಪೊಲೀಸರಿಗೆ ಆಗುವಂಥದ್ದೇ ಎಂದು ಜನ ತಿಳಿದರು. ಸ್ವಂತ ಊರಿಗೇ ಹಾಕಿಸಿಕೊಂಡಿದ್ದಾನೆಂದರೆ ವಶೀಲಿ ಜೋರಿದೆ ಎಂದು ಕೆಲವರು ಹೊಟ್ಟೆಕಿಚ್ಚನ್ನೂ ಪಟ್ಟರು.

ಹಳೆಯ ಕ್ಲಬ್ಬಿನಲ್ಲಿ ನನ್ನ ಮೊದಲ ಪಂದ್ಯಕ್ಕೆ ಅಪ್ಪ ಅಂಗಡಿಯ ಬಾಗಿಲು ಹಾಕಿಕೊಂಡು ಬಂದ. ಮೈದಾನಕ್ಕೆ ಬಂದದ್ದು ಅದೇ ಮೊದಲು. ಮೊಬೈಲಿನಲ್ಲಿ ಅಂಗೈಯಗಲ ನೋಡಿದ್ದವನಿಗೆ ಇಷ್ಟು ದೊಡ್ಡ ಜಾಗ ಕಂಡು ದಿಗಿಲಾಯಿತಂತೆ. ಇಷ್ಟನ್ನೂ ಒಬ್ಬನೇ ಓಡಬೇಕೇ ಎಂದು ಪಕ್ಕದವರನ್ನು ಕೇಳಿದನಂತೆ. ಆ ದಿನ ನಾವು ಹೀನಾಯವಾಗಿ ಸೋತೆವು. ನಾನು ಎರಡು ಸಲ ಚೆಂಡು ಕಳೆದುಕೊಂಡು ಮರಾಠಿಯಲ್ಲಿ ಬೈಸಿಕೊಂಡೆ. ಕೊನೆಗೆ ಮೀನಖಂಡ ಹಿಡಿದುಕೊಂಡು ನೆಲಕ್ಕೆ ಬಿದ್ದೆ. ಮೈಯೆಲ್ಲ ಮಣ್ಣು, ಬೆವರು. ಇಡೀ ವರ್ಷದಲ್ಲಿ ಅಷ್ಟು ಸುಖ ನನಗೆ ಸಿಕ್ಕಿರಲಿಲ್ಲ.

ಮನೆಗೆ ಬರುವಾಗ ಅಪ್ಪನ ಸ್ಕೂಟರಿನ ಹಿಂದೆ ಕೂತಿದ್ದೆ. ಹಡಪಸರದ ಟ್ರಾಫಿಕ್ಕು ಎಂದಿನಂತೆ ಕದಲುತ್ತಿರಲಿಲ್ಲ. ಸ್ಕೂಟರ್ ಬಂದ್ ಮಾಡಿ ಅಪ್ಪ ಹಿಂದೆ ತಿರುಗದೆಯೇ ಮಾತು ತೆಗೆದ. ಅವನನ್ನೂ ನನ್ನ ವಯಸ್ಸಿನಲ್ಲಿ ಊರಿಂದ ತಂದು ಪೇಟೆಯ ದೊಡ್ಡದೊಂದು ಸೀರೆ ಅಂಗಡಿಗೆ ಸೇರಿಸಿದ್ದರಂತೆ. ಗಿರಾಕಿಗಳಿಗೆ ಬೇರೆಯವರು ಬಿಚ್ಚಿ ತೋರಿಸಿದ ಸೀರೆಗಳನ್ನು ಮತ್ತೆ ಮಡಚುವುದು ಅವನ ಕೆಲಸ.

"ನಾನೂ ಮಾರ್ತೀನಿ ಅಂತ ಒಂದ್ಸಲ ಸೇಠಜೀನ ಕೇಳಿದ್ದೆ," ಎಂದ. "ಮುಂದ ನೋಡೂಣು ಅಂದ್ರು. ಎರಡು ವರ್ಷ ಮಡಚಿದೆ. ಒಂದು ಸೀರಿ ಮಾರಲಿಲ್ಲ."

"ಆಮ್ಯಾಲ?"

"ಬಿಟ್ಟು ಬಂದು ಗಲ್ಲಿ ಮೂಲ್ಯಾಗ ಬಟ್ಟಿ ಹರವಿಕೊಂಡು ಕುಂತೆ. ಮೊದಲನೇ ದಿನ ಒಂದು ಫಾಲ್ ಮಾರಿದೆ." ಕನ್ನಡಿಯ ಧೂಳು ಒರೆಸುತ್ತ, "ನಿನ್ನ ಕಳಸೂ ಮುಂದ ಇದು ನನಗ ನೆನಪಾಗಬೇಕಿತ್ತು ನೋಡು," ಎಂದ. ಅಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆಯಿತು.

ಮೂರು ವರ್ಷ ಹಳೆಯ ಕ್ಲಬ್ಬಿನಲ್ಲೇ ಆಡಿದೆ. ಎಲ್ಲಿಗೆ ಓಡಬೇಕು ಎನ್ನುವುದು ನಿಧಾನವಾಗಿ ಮತ್ತೆ ಬಂತು. ಸರ್ ಬಾಯಿಂದ ವರ್ಷಕ್ಕೆ ಒಂದೆರಡು ವಾಕ್ಯ ಕನ್ನಡವೂ ಬಂತು. ಕಳೆದ ವರ್ಷ ಇನ್ನೊಂದು ಕ್ಲಬ್ಬಿನಿಂದ ಕರೆ ಬಂದಿತು. ತೀರ ದೊಡ್ಡದಲ್ಲ, ಸಣ್ಣದೂ ಅಲ್ಲ. ಈ ಸಲ ಹುಲ್ಲಿನ ಬಗ್ಗೆ, ಬರ್ಫದ ಬಗ್ಗೆ ನಾನು ವಿಚಾರಿಸಲಿಲ್ಲ. ನಿಮ್ಮಲ್ಲಿ ಎಡಗಡೆ ಆಡುವವರು ಎಷ್ಟು ಮಂದಿ ಎಂದಷ್ಟೇ ಕೇಳಿದೆ. ಒಬ್ಬನೇ ಇದ್ದಾನೆ, ಅವನಿಗೂ ಮೊಣಕಾಲು ನೋವು ಎಂದರು. ಒಪ್ಪಿಕೊಂಡೆ.

ನಾನು ಬ್ಯಾಗು ತುಂಬುತ್ತಿರುವಾಗ ಅವ್ವನಿಗೆ ಆ ಹುಡುಗನ ಮೊಣಕಾಲಿನದೇ ಯೋಚನೆ. ಯಾರ ಮಗನೋ ಏನೋ, ಪಾಪ ಎಂದು ಮನೆಯಲ್ಲೇ ಕಾಸಿದ ನೋವಿನ ಎಣ್ಣೆಯ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಡಲು ತಂದಳು. ಅಪ್ಪ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಕಪಾಟಿನ ಮೇಲಿಟ್ಟ.

"ಕೊಡೂಣು," ಎಂದ. "ಇದೊಂದು ಸೀಸನ್ ಮುಗೀಲಿ."