ಮೊಂಡಕ್ಕ ಮತ್ತು ನಾಲ್ಕನೇ ನಂಬರು

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಬೆನ್ನು ತಿರುಗಿಸಿದ ಕೂಡಲೇ ಮೊಂಡಕ್ಕ. ಈ ವಿಷಯ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಮ್ಮೆ ಬಾಯಿ ತಪ್ಪಿ, "ಮೊಂಡಕ್ಕ ಮೇಡಂ, ಒಂದು ಸಹಿ ಬೇಕಿತ್ತು" ಅಂದುಬಿಟ್ಟಳು. ಅಂದ ಮೇಲೆ ಅವಳ ಮುಖ ಬಿಳಿಚಿಕೊಂಡಿತು. ಇವಳು ತಲೆಯನ್ನೂ ಎತ್ತದೆ ಸಹಿ ಹಾಕಿ, "ಎರಡೆರಡು ಯಾಕಮ್ಮ, ಮೇಡಂ ಬಿಟ್ಬಿಡು" ಅಂದಳು. ಅಪ್ಪಣೆ ಸಿಕ್ಕಿತಲ್ಲ, ನಾವೂ ಹಾಗೇ ಕರೆಯೋಣ.

ಮೊಂಡಕ್ಕನ ಮೊಂಡುತನವೆಲ್ಲ ಒಂದೇ ಮಾತಿನದು. ನಮ್ಮ ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಪುಟಾಣಿ ಗಾಳಿಚೀಲಗಳಿವೆ. ಅವುಗಳ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಂಡಕೋಶ ಕೂತಿರುತ್ತದೆ. ಗೋಡೆ ಹರಿದರೆ ಎದ್ದು, ಹೊಸ ಕೋಶಗಳನ್ನು ಹುಟ್ಟಿಸಿ, ತೇಪೆ ಹಾಕುವುದು ಅದರ ಕೆಲಸ. ಆದರೆ ವರ್ಷಗಟ್ಟಲೆ ದೂಳು ಕುಡಿದು, ಗಾಯದ ಕಲೆ ಕಟ್ಟಿ, ಗಟ್ಟಿಯಾಗಿಬಿಟ್ಟ ಶ್ವಾಸಕೋಶದಲ್ಲಿ ಈ ಕಾಂಡಕೋಶಗಳು ಸತ್ತೇ ಹೋಗಿರುತ್ತವೆ ಎಂದು ಸಂಸ್ಥೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. "ಸತ್ತಿಲ್ಲ, ಮಲಗಿವೆ. ಬೂದಿ ಮುಚ್ಚಿದ ಕೆಂಡ ಅವು" ಅಂತ ಇವಳ ವಾದ. ಹನ್ನೊಂದು ವರ್ಷ ಅದನ್ನೇ ಹೇಳಿದಳು. ಆಸ್ಪತ್ರೆಯಿಂದ ಬರುವ ಅಕ್ಕಿಕಾಳಿನಷ್ಟು ಚೂರುಗಳಿಂದ ಕೋಶಗಳನ್ನು ಬಿಡಿಸಿ, ತಟ್ಟೆಯಲ್ಲಿಟ್ಟು, ದಿನ ಬಿಟ್ಟು ದಿನ ಪೋಷಕ ದ್ರವ ಬದಲಿಸುತ್ತ ಕಾದಳು. ಅಣ್ಣನ ಮಗಳ ಮದುವೆಯ ದಿನವೂ ನಡುವೆ ಎದ್ದುಹೋಗಿ, ರೇಷ್ಮೆ ಸೀರೆಯ ಮೇಲೆ ಬಿಳಿ ಕೋಟು ತೊಟ್ಟು, ಕೋಶಗಳಿಗೆ ಊಟ ಹಾಕಿ ಬಂದವಳು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಕೋಶ ಏಳಲಿಲ್ಲ.

ಆ ಅಣ್ಣನ ವಿಷಯ ಹೇಳದಿದ್ದರೆ ಅರ್ಧ ಹೇಳಿದಂತೆ. ಅವನು ನೆಲಕ್ಕೆ ಹಾಸಿದ ಕಲ್ಲನ್ನು ಉಜ್ಜಿ ಪಾಲಿಶ್ ಮಾಡುವವನು. ಅಪ್ಪ ತೀರಿಕೊಂಡಾಗ ಅವನಿಗೆ ಹದಿನೇಳು, ತಂಗಿಗೆ ಎಂಟು. ಆ ಗುಡುಗುಡು ಮೆಶಿನ್ನಿನ ಹಿಂದೆ ಬಗ್ಗಿ ಬಗ್ಗಿಯೇ ಅವಳನ್ನು ಓದಿಸಿದ. ಮೂವತ್ತು ವರ್ಷ ಬಿಳಿ ದೂಳು ಕುಡಿದ. ಈಗ ತನ್ನ ಮನೆಯ ಎರಡನೇ ಮಹಡಿ ಹತ್ತಬೇಕಾದರೆ ಎರಡು ಕಡೆ ಕೂರಬೇಕು; ಮೆಟ್ಟಿಲಿನ ತಿರುವುಗಳಲ್ಲಿ ಅದಕ್ಕೆಂದೇ ಪ್ಲಾಸ್ಟಿಕ್ ಸ್ಟೂಲುಗಳಿವೆ. ಬಾಯಿಗೆ ಮಾತ್ರ ಯಾವ ಸುಸ್ತೂ ಇಲ್ಲ. "ಊರಿನ ಅರ್ಧ ನೆಲ ನಾನು ಫಳಫಳ ಮಾಡಿಟ್ಟಿದೀನಿ ಪುಟ್ಟಿ. ಅಷ್ಟು ದೂಳು ಎಲ್ಲಾದ್ರೂ ಹೋಗ್ಬೇಕಲ್ಲ!" ಎನ್ನುತ್ತಾನೆ. ಐವತ್ತೊಂದು ವರ್ಷದ ವಿಜ್ಞಾನಿಗೆ ಅವನ ಬಾಯಲ್ಲಿ ಇನ್ನೂ ಪುಟ್ಟಿ ಎಂದೇ ಹೆಸರು.

ಒಂದು ದಿನ ನಿರ್ದೇಶಕರು ಅವಳ ಕೋಣೆಗೇ ಬಂದು, ಇದ್ದ ಒಂದೇ ಕುರ್ಚಿಯ ಮೇಲೆ ಕೂತರು. "ನೋಡಿ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಹಾಗೆ ಎಷ್ಟು ದಿನ ಸಾಧಿಸ್ತೀರಿ? ಮೂರು ತಿಂಗಳಿಗೆ ಪರಿಶೀಲನಾ ಸಮಿತಿ ಬರುತ್ತೆ. ತೋರಿಸೋಕೆ ಏನಾದ್ರೂ ಇದ್ರೆ ಸರಿ. ಇಲ್ಲಾಂದ್ರೆ ಈ ಕೆಲಸ ನಿಲ್ಲುತ್ತೆ, ರೂಮು ಬೇರೆಯವರಿಗೆ ಹೋಗುತ್ತೆ."

"ಮೊಲ ಸತ್ತಿಲ್ಲ ಸರ್, ಮಲಗಿದೆ" ಅಂದಳು ಮೊಂಡಕ್ಕ. ನಿರ್ದೇಶಕರು ಹಣೆ ಒತ್ತಿಕೊಂಡು ಎದ್ದುಹೋದರು. ಅವರು ಹೋದ ಮೇಲೆ ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳನ್ನು ಎರಡು ಸಲ ಎಣಿಸಿದಳು, ಅದನ್ನೂ ಹೇಳಬೇಕು.

ಇನ್ನು ಆ ತಪ್ಪಿನ ಕಥೆ. ಕೋಶಗಳನ್ನು ತಟ್ಟೆಯಲ್ಲಿ ಹಾಗೇ ಸುರಿಯುವುದಿಲ್ಲ, ಒಂದು ಬಗೆಯ ಜೆಲ್ಲಿನಲ್ಲಿ ಬೆರೆಸುತ್ತಾರೆ. ಜೆಲ್ ತಣ್ಣಗಿದ್ದರೆ ನೀರು, ಬೆಚ್ಚಗಾದರೆ ಗಟ್ಟಿ. ಹಾಗಾಗಿ ಅದರ ಸೀಸೆ ಯಾವಾಗಲೂ ಐಸಿನಲ್ಲಿ. ಬಳಸುವ ಮೊದಲು ಅದಕ್ಕೆ ಸಮ ಪಾಲು ದ್ರವ ಹಾಕಿ ತೆಳು ಮಾಡಬೇಕು, ಮಾಡಿದವರು ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೀಟು ಎಳೆಯಬೇಕು. ಇದು ಆ ಲ್ಯಾಬಿನ ಕಟ್ಟುಪಾಡು. ಕೆಲಸ ಮಾಡುವ ಗಾಜಿನ ಕ್ಯಾಬಿನೆಟ್ಟಿನೊಳಗೆ ಏನೇ ಇಡುವುದಿದ್ದರೂ ಸ್ಪಿರಿಟ್ಟಿನಲ್ಲಿ ಒರೆಸಿಯೇ ಇಡಬೇಕು, ಇದು ಇನ್ನೊಂದು ಕಟ್ಟುಪಾಡು. ಸ್ಪಿರಿಟ್ಟಿಗೆ ಮಾರ್ಕರ್ ಗೀಟು ಅಳಿಸುತ್ತದೆ ಎಂಬುದು ಅಷ್ಟೊಂದು ಡಿಗ್ರಿಗಳಿದ್ದ ಆ ಕೋಣೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ! ಶುರುವಿನಿಂದ ಕೊನೆಯವರೆಗೆ ಒಬ್ಬರೇ ಮಾಡುತ್ತಿದ್ದರಿಂದ ನಡೆದುಕೊಂಡು ಹೋಗಿತ್ತು.

ಅಂದು ಮೊಂಡಕ್ಕ ಜೆಲ್ ತೆಳು ಮಾಡಿ, ಗೀಟೆಳೆದು, ಸೀಸೆ ಒರೆಸಿ, ಮತ್ತೆ ಐಸಿನಲ್ಲಿಟ್ಟಳು. ಅಷ್ಟರಲ್ಲಿ ನಿರ್ದೇಶಕರಿಂದ ಕರೆ ಬಂತು. ಉಳಿದದ್ದನ್ನು ಟೆಕ್ನಿಷಿಯನ್‌ಗೆ ವಹಿಸಿ ಹೋದಳು. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ, ಗಡಿಯಾರದಂಥ ಮನುಷ್ಯ ಅವನು. ಮುಚ್ಚಳದ ಮೇಲೆ ಗೀಟಿಲ್ಲವಲ್ಲ ಎಂದು, ನಿಯಮದ ಪ್ರಕಾರ, ಇನ್ನೊಮ್ಮೆ ತೆಳು ಮಾಡಿದ.

ಹನ್ನೆರಡನೆಯ ದಿನ ಮೊಂಡಕ್ಕ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ತಟ್ಟೆಯ ತುಂಬ ದುಂಡು ದುಂಡು ಗುಳ್ಳೆ. ಶಿಲೀಂಧ್ರ ಬಿತ್ತು, ಎಲ್ಲಾ ಹಾಳಾಯಿತು ಅಂದುಕೊಂಡಳು. ಮಸೂರ ಬದಲಿಸಿ ಮತ್ತೆ ನೋಡಿದಳು. ಗುಳ್ಳೆಗಳ ಒಳಗೆ ಟೊಳ್ಳು, ಸುತ್ತ ಒಂದೇ ಕೋಶದಷ್ಟು ತೆಳುವಾದ ಗೋಡೆ. ಎದೆಯೊಳಗಿನ ಗಾಳಿಚೀಲದ ಪಡಿಯಚ್ಚು.

"ಏನ್ರೀ ಮಾಡಿದ್ರಿ ಅವತ್ತು?" ಅವಳು ಕೂಗಿದ ರಭಸಕ್ಕೆ ಟೆಕ್ನಿಷಿಯನ್ ಕೈಲಿದ್ದ ತಟ್ಟೆ ಬೀಳಿಸುವುದರಲ್ಲಿದ್ದ.

"ನಾನೇನ್ ಮಾಡ್ದೆ ಮೇಡಂ? ಜೆಲ್ ತೆಳು ಮಾಡ್ದೆ, ಕೋಶ ಬೆರೆಸ್ದೆ..."

"ತೆಳು ಮಾಡಿದ್ರಾ! ನಾನಾಗ್ಲೇ ಮಾಡಿದ್ನಲ್ಲ, ಗೀಟೂ ಹಾಕಿದ್ದೆ!"

"ಗೀಟು ಇರ್ಲಿಲ್ಲ ಮೇಡಂ. ನನ್ನಾಣೆಗೂ ಇರ್ಲಿಲ್ಲ."

ಇಬ್ಬರ ಕಣ್ಣೂ ಒಟ್ಟಿಗೆ ಕ್ಯಾಬಿನೆಟ್ಟಿನ ಪಕ್ಕದ ಒರೆಸುವ ಬಟ್ಟೆಯತ್ತ ಹೋಯಿತು. ಅದರ ತುಂಬ ನೀಲಿ ಕಲೆ. ಮೊಂಡಕ್ಕ ಸ್ಟೂಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಕೆಲಸ ಹೋಯಿತೋ ಉಳಿಯಿತೋ ತಿಳಿಯದೆ ಟೆಕ್ನಿಷಿಯನ್ ಪಿಳಿಪಿಳಿ ನೋಡುತ್ತ ನಿಂತ.

ಭಾನುವಾರ ಅಣ್ಣನ ಮನೆಯಲ್ಲಿ ಅದೇ ಮಾತು. "ಜೆಲ್ ಗಟ್ಟಿ ಇದ್ದಾಗ ಕೋಶಗಳು ಇನ್ನೂ ಆ ಕಲ್ಲಾದ ಶ್ವಾಸಕೋಶದಲ್ಲೇ ಇದೀವಿ ಅಂದ್ಕೊಂಡು ಮುದುರಿಕೊಂಡಿದ್ವು ಅಣ್ಣ. ಮೆತ್ತಗಾದ ಕೂಡ್ಲೆ ಎದ್ವು."

"ಅಂದ್ರೆ ಹನ್ನೊಂದು ವರ್ಷ ಅವನ್ನ ಚಪ್ಪಡಿ ಮೇಲೆ ಮಲಗಿಸಿ, ಏಳ್ರೋ ಏಳ್ರೋ ಅಂತಿದ್ದೆ! ಕಲ್ಲಿನ ವಿಷಯ ನನ್ನ ಕೇಳೋದಲ್ವೇನೇ?" ನಗಲು ಹೋಗಿ ಅವನಿಗೆ ಕೆಮ್ಮು ಹತ್ತಿಕೊಂಡಿತು. ಅದು ನಿಲ್ಲುವವರೆಗೆ ಅವಳು ಅವನ ಬೆನ್ನು ಸವರುತ್ತ ಕೂತಳು.

"ಆದ್ರೆ ಇದು ಔಷಧಿ ಅಲ್ಲಣ್ಣ. ಔಷಧಿ ಆಗೋಕೆ ಇನ್ನೆಷ್ಟು ವರ್ಷ ಬೇಕೋ. ನಿಂಗೆ ಸುಳ್ಳು ಆಸೆ ಹುಟ್ಟಿಸೋಕೆ ನನ್ ಕೈಲಿ ಆಗಲ್ಲ."

"ಔಷಧಿ ಯಾರು ಕೇಳಿದ್ರು? ನನ್ನೊಳಗೆ ಏನಾದ್ರೂ ಉಳಿದಿದ್ಯೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು ನಂಗೆ." ಕಾಫಿ ಆರಿಹೋಗುತ್ತಿದೆ ಎಂದು ಮಾತು ಮರೆಸಿದಳು.

ಸಮಿತಿ ಬಂತು. ಅಧ್ಯಕ್ಷೆ ನೆರೆಗೂದಲಿನ, ಮಾತು ಕಮ್ಮಿಯ ಹೆಂಗಸು. ಮೊಂಡಕ್ಕ ಗುಳ್ಳೆಗಳ ಚಿತ್ರ ತೋರಿಸಿ, ಗೀಟು ಅಳಿಸಿದ ಕಥೆಯನ್ನೂ ಒಂದಕ್ಷರ ಬಿಡದೆ ಹೇಳಿದಳು. ನಿರ್ದೇಶಕರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು.

"ತಪ್ಪು ಒಪ್ಪಿಕೊಂಡಿದ್ದು ಸಂತೋಷ. ಆದ್ರೆ ಇಂಥ ಕೈತಪ್ಪು ಆಗೋ ಲ್ಯಾಬಲ್ಲಿ ಒಳ್ಳೆ ಶ್ವಾಸಕೋಶದ ಕೋಶ ಬೆರಕೆ ಆಗಿಲ್ಲ ಅಂತ ಹೇಗೆ ನಂಬ್ಲಿ? ನಾನೇ ಆಸ್ಪತ್ರೆಯಿಂದ ಆರು ಟ್ಯೂಬ್ ಕಳಿಸ್ತೀನಿ. ಬರೀ ನಂಬರ್ ಇರುತ್ತೆ. ಐದರಲ್ಲಿ ಗಾಯ ಕಟ್ಟಿದ ಶ್ವಾಸಕೋಶದ ಕೋಶ, ಒಂದರಲ್ಲಿ ಬೇಕಂತ್ಲೇ ಸಾಯಿಸಿದ್ದು. ಪಟ್ಟಿ ನನ್ ಹತ್ರ. ಇಪ್ಪತ್ತೆಂಟು ದಿನ ಟೈಮು. ಐದರಲ್ಲಿ ಮೂರು ಎದ್ರೂ ಒಪ್ತೀನಿ."

"ಐದೂ ಏಳ್ತವೆ" ಅಂದುಬಿಟ್ಟಳು ಮೊಂಡಕ್ಕ. ನಿರ್ದೇಶಕರು ಮೇಜಿನ ಕೆಳಗೆ ಅವಳ ಕಾಲು ತುಳಿದರು. ಆಡಿದ ಮಾತು, ಒಡೆದ ಮುತ್ತು, ಇನ್ನೇನು ಮಾಡಲಾದೀತು?

"ಸರಿ. ಐದು ಅಂದ್ರೆ ಐದು" ಎಂದು ಅಧ್ಯಕ್ಷೆ ಬರೆದುಕೊಂಡರು. ಅಲ್ಲಿಗೆ ಹನ್ನೊಂದು ವರ್ಷದ ಕೆಲಸವೆಲ್ಲ ಆ ಆರು ಟ್ಯೂಬುಗಳ ಮೇಲೆ ನಿಂತಿತು.

ಈ ಸಲ ಜೆಲ್ಲನ್ನು ಬೇಕೆಂದೇ ಎರಡೆರಡು ಬಾರಿ ತೆಳು ಮಾಡಿ, ಸೀಸೆಗೆ ಗೀಟಿನ ಬದಲು ದಾರ ಕಟ್ಟಿದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಹದಿಮೂರನೆಯ ದಿನದೊಳಗೆ ಒಂದು, ಎರಡು, ಮೂರು, ಐದನೇ ತಟ್ಟೆಗಳು ಎದ್ದವು. ನಾಲ್ಕು ಮತ್ತು ಆರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇಪ್ಪತ್ತು ದಿನವಾದರೂ ಎರಡರಲ್ಲೂ ಅದೇ ಮುದುರಿದ ಕೋಶಗಳು. ಯಾವುದು ಸತ್ತದ್ದು, ಯಾವುದು ಮಲಗಿದ್ದು, ನೋಡಿ ಹೇಳುವ ಹಾಗಿರಲಿಲ್ಲ.

"ಎರಡೂ ಹೋದ ಹಾಗೇ ಮೇಡಂ" ಅಂದ ಟೆಕ್ನಿಷಿಯನ್. "ಮೂರು ಸಾಕು ಅಂದವರ ಮುಂದೆ ನೀವ್ಯಾಕೆ ಐದು ಅಂದ್ರಿ?"

"ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಈಗ ಊಟ ಹಾಕೋಣ ನಡೀರಿ" ಅಂದಳು. ಎರಡೂ ತಟ್ಟೆಗೆ ದಿನ ಬಿಟ್ಟು ದಿನ, ಒಂದಕ್ಕೂ ತಪ್ಪಿಸದೆ, ಹೊಸ ದ್ರವ ಹಾಕಿದಳು.

ಇಪ್ಪತ್ತೈದನೆಯ ದಿನ ಬೆಳಿಗ್ಗೆ ನಾಲ್ಕನೇ ತಟ್ಟೆಯ ಅಂಚಿನಲ್ಲಿ ಒಂದು ಗುಳ್ಳೆ. ಒಂದೇ ಒಂದು. ಮಾರನೆಯ ದಿನ ಏಳು. ಇಪ್ಪತ್ತೆಂಟಕ್ಕೆ ಎಣಿಸಲಾರದಷ್ಟು. ಟೆಕ್ನಿಷಿಯನ್ ಕೈಗವಸು ಹಾಕಿಕೊಂಡೇ ಚಪ್ಪಾಳೆ ತಟ್ಟಿದ. ಮೊಂಡಕ್ಕ ಅವನ ಎರಡೂ ಕೈ ಹಿಡಿದು ಕುಣಿಸಿದಳು. ಅವನಿಗೆ ನಾಚಿಕೆಯಾಗಿ ಕಿವಿ ಕೆಂಪಗಾಯಿತು.

ಎದ್ದ ಕೋಶಗಳು ನಿಜಕ್ಕೂ ಆ ರೋಗಿಗಳವೇ ಎಂದು ಅವರ ರಕ್ತದೊಂದಿಗೆ ತಾಳೆ ನೋಡಲು ಇನ್ನೊಂದು ವಾರ ಹಿಡಿಯಿತು. ಆಮೇಲೆ ಅಧ್ಯಕ್ಷೆ ಬಂದು, ಲ್ಯಾಬಿನಲ್ಲೇ ನಿಂತು, ಪಟ್ಟಿಯಿದ್ದ ಲಕೋಟೆ ಒಡೆದರು.

"ಆರನೆಯದು ಸಾಯಿಸಿದ್ದು. ಉಳಿದ ಐದೂ ತಾಳೆ ಆಗಿವೆ, ಬೆರಕೆ ಇಲ್ಲ." ಅವರು ಮೊಂಡಕ್ಕನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ಅಮ್ಮಾ, ಇವು ಸತ್ತಿರ್ತವೆ ಅಂತ ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದು ತಪ್ಪು. ನೀವು ಗೆದ್ರಿ. ಈ ಕೆಲಸ ನಿಲ್ಲಬಾರದು ಅಂತ ಇವತ್ತೇ ಬರೆದು ಕೊಡ್ತೀನಿ."

ಮೊಂಡಕ್ಕನಿಗೆ ಮಾತು ಹೊರಡಲಿಲ್ಲ. ಹನ್ನೊಂದು ವರ್ಷದಲ್ಲಿ ಅದೇ ಮೊದಲು ಎಂದು ನಿರ್ದೇಶಕರು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

"ಇನ್ನೊಂದು" ಅಂದರು ಅಧ್ಯಕ್ಷೆ. "ನಾಲ್ಕನೇ ನಂಬರು ಇದರಲ್ಲೆಲ್ಲ ಕೆಟ್ಟ ಶ್ವಾಸಕೋಶ. ಡಾಕ್ಟರು ಕೊಳವೆ ಇಳಿಸಿ ಪರೀಕ್ಷೆ ಮಾಡೋವಾಗ, ಒಂದು ಚೂರು ತಗೊಂಡು ಈ ಲ್ಯಾಬಿಗೆ ಕಳಿಸಿ ಅಂತ ಅವರೇ ಕೇಳಿಕೊಂಡರಂತೆ. ಕೋಶ ಎದ್ರೆ ಮಾತ್ರ ನಾನ್ಯಾರು ಅಂತ ಹೇಳಿ, ಇಲ್ಲಾಂದ್ರೆ ಬೇಡ ಅಂತ ಬರೆದುಕೊಟ್ಟಿದಾರೆ. ಹೊರಗೆ ಬೆಂಚಿನ ಮೇಲೆ ಕೂತಿದಾರೆ ನೋಡಿ."

ಮೊಂಡಕ್ಕ ಬಾಗಿಲು ತೆರೆದಳು. ಕಾರಿಡಾರಿನ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊಣಕಾಲ ಮೇಲೆ ಕೈಯೂರಿ ಉಸಿರು ಎಳೆದುಕೊಳ್ಳುತ್ತ ಅಣ್ಣ ಕೂತಿದ್ದ.

"ಏನಾಯ್ತು ಪುಟ್ಟಿ? ನಾನು ಪಾಸೋ, ಫೇಲೋ?"

ಅವಳು ಅವನ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟಳು. "ಉಳಿದಿದೆ ಅಣ್ಣ" ಅಂದಳು. "ನಿನ್ನೊಳಗೆ ಉಳಿದಿದೆ." ಅಷ್ಟು ಹೇಳಿ, ಬಿಳಿ ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ, "ಅಳೋದು ಆದ್ರೆ ನಂಗೂ ಒಂಚೂರು ತೋರ್ಸೇ" ಅಂದ.

ಅವನನ್ನು ಕೈಹಿಡಿದು ಒಳಗೆ ಕರೆತಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಮೊದಲು ಅವನಿಗೆ ತನ್ನ ರೆಪ್ಪೆಯೇ ಕಂಡಿತು. ಅವಳು ಹಿಂದಿನಿಂದ ತಿರುಪು ತಿರುಗಿಸಿ ಸರಿ ಮಾಡಿಕೊಟ್ಟಳು. ಅವನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ನಂದಾ ಇದು?"

"ನಿಂದೇ."

"ಎಷ್ಟೊಂದಿವೆಯೇ!"

ಅಧ್ಯಕ್ಷೆ ನಿಂತಿದ್ದರು, ಟೆಕ್ನಿಷಿಯನ್ ನಿಂತಿದ್ದ, ನಿರ್ದೇಶಕರು ಕನ್ನಡಕ ಒರೆಸಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದರು. ಐದು ನಿಮಿಷವಾದರೂ ಅಣ್ಣ ಕಣ್ಣು ತೆಗೆಯಲಿಲ್ಲ. ಮೊಂಡಕ್ಕ ಬಗ್ಗಿ ಅವನ ಕಿವಿಯಲ್ಲಿ, "ಏಳಣ್ಣ, ನಮ್ಮ ಡೈರೆಕ್ಟರ್ ನೋಡ್ಬೇಕಂತೆ, ಕಾಯ್ತಿದಾರೆ" ಅಂದಳು.

"ಕಾಯ್ಲಿ" ಅಂದ ಅಣ್ಣ, ಎಲ್ಲರಿಗೂ ಕೇಳುವ ಹಾಗೆ. "ಹನ್ನೊಂದು ವರ್ಷ ನೀನು ಕಾದಿಲ್ವಾ?"