ಎಡಗೈಗೆ ಮಾಡಿದ ಮುಚ್ಚಳ

ಶಿಡ್ಲಘಟ್ಟದಲ್ಲಿ ಬರೀ ದಸ್ತಗಿರ್ ಅಂತ ಕೇಳಿದರೆ ಯಾರ್ಯಾರದೋ ಮನೆ ತೋರಿಸಿಬಿಡುತ್ತಾರೆ. ಚರಕ ರಿಪೇರಿ ದಸ್ತಗಿರ್ ಅನ್ನಬೇಕು. ಆಗ ರೇಷ್ಮೆಗೂಡಿನ ಮಾರುಕಟ್ಟೆ ಹಿಂದಿನ ಬೀದಿಗೆ ಕೈ ತೋರಿಸಿ, "ಅಲ್ಲಿ ಕಬ್ಬಿಣ ಉಜ್ಜೋ ಸದ್ದು ಕೇಳಿಸ್ತದೆ ನೋಡಿ, ಅಲ್ಲೇ" ಅನ್ನುತ್ತಾರೆ. ತೊಂಬತ್ತರ ನಂತರ ಅವನನ್ನು ಹುಡುಕಿಕೊಂಡು ಬಂದವರಲ್ಲಿ ಎಷ್ಟೋ ಮಂದಿ ಚರಕಕ್ಕೆ ಬಂದವರಲ್ಲ, ಮುಚ್ಚಳಕ್ಕೆ ಬಂದವರು. ಒಂದೇ ಕೈಯಲ್ಲಿ ಬಾಟಲಿ ಹಿಡಿದು ಅದೇ ಕೈಯ ಹೆಬ್ಬೆರಳಲ್ಲಿ ಒತ್ತಿದರೆ ತೆರೆದುಕೊಂಡು, ಬೆರಳು ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವ ಮುಚ್ಚಳ. ಚಿಂತಾಮಣಿಯಿಂದ ಎಣ್ಣೆ ಅಂಗಡಿಯವರು ಬಂದರು, ಗೌರಿಬಿದನೂರಿನಿಂದ ಯಾರೋ ಕಂಪನಿ ಹಾಕುತ್ತೇವೆ ಅಂದುಕೊಂಡು ಬಂದರು. ಎಲ್ಲರಿಗೂ ಟೀ ತರಿಸಿ ಕುಡಿಸಿ, "ಅದನ್ನ ಮಾಡೋದು ಬಿಟ್ಟಿದೀನಿ ಸಾರ್" ಎಂದು ಕಳಿಸಿಬಿಟ್ಟ. ಸಾಬರಿಗೆ ಸೊಕ್ಕು ಅಂದರು ಜನ. ಜನರ ಬಾಯಿಗೆ ಹಾಕುವ ಮುಚ್ಚಳವನ್ನು ಇನ್ನೂ ಯಾರೂ ಮಾಡಿಲ್ಲವಲ್ಲ, ಅನ್ನಲಿ ಬಿಡಿ. ಸೊಕ್ಕು ಅವನಿಗೆ ಒಂದು ಕಾಲಕ್ಕೆ ಇದ್ದದ್ದು ನಿಜ. ಅದು ಯಾವಾಗ ಇಳಿಯಿತು ಅನ್ನುವುದನ್ನು ಮಾತ್ರ ಅವರು ತಿಳಿದುಕೊಂಡಿರಲಿಲ್ಲ.

ಅವನ ಹೆಂಡತಿ ಅಜೀಜಾ. ಲಂಗ ತೊಡುವ ವಯಸ್ಸಿನಿಂದಲೇ ನೂಲು ಬಿಚ್ಚುವ ಕೆಲಸಕ್ಕೆ ಕೂತವಳು. ಕುದಿಯುವ ನೀರಿನಲ್ಲಿ ಬೆಂದ ಗೂಡಿನ ಮೇಲೆ ಬೆರಳಾಡಿಸಿ ಎಳೆಯ ತುದಿ ಹುಡುಕುವುದು ಎಲ್ಲರಿಗೂ ಬರುವ ಕೆಲಸವಲ್ಲ. ಅಜೀಜಾಳ ಬಲಗೈ ನೀರಿಗೆ ಇಳಿಯಿತು ಅಂದರೆ ಎಳೆ ತಾನಾಗಿ ಬಂದು ಬೆರಳಿಗೆ ಸುತ್ತಿಕೊಳ್ಳುತ್ತದೆ ಎಂದು ಬೀದಿಯ ಹೆಂಗಸರು ಹೇಳುತ್ತಿದ್ದರು. ಆ ಹಬೆ ಕುಡಿದೂ ಕುಡಿದೂ ಅವಳಿಗೆ ದಮ್ಮು ಹಿಡಿಯಿತು. ಅದೊಂದಾದರೆ ಹೇಗೋ ನಡೆಯುತ್ತಿತ್ತು. ಮಗಳು ವಜೀರುನ್ನೀಸಾಳನ್ನು ಚಿಂತಾಮಣಿಗೆ ಮದುವೆ ಮಾಡಿಕೊಟ್ಟ ಮರುವರ್ಷ, ಎಂಬತ್ತಾರರಲ್ಲಿ, ಬೆಳಿಗ್ಗೆ ಏಳಲು ಹೋದವಳು ಹಾಗೇ ಕುಸಿದು ಬಿದ್ದಳು. ಲಕ್ವ ಹೊಡೆದಿತ್ತು. ಚಿಕ್ಕಬಳ್ಳಾಪುರದ ಡಾಕ್ಟರಿಗೆ ತೋರಿಸಿದರು, ಎಣ್ಣೆ ತಿಕ್ಕಿಸಿದರು. ನಾಲಿಗೆ ತಿರುಗಿತು, ಕಾಲು ಎಳೆದುಕೊಂಡು ಗೋಡೆ ಹಿಡಿದು ನಡೆಯುವಷ್ಟಾಯಿತು. ಬಲಗೈ ಮಾತ್ರ ಹೋದದ್ದು ಹೋಗೇ ಹೋಯಿತು.

ದಮ್ಮಿಗೆ ದಿನಕ್ಕೆ ಮೂರು ಹೊತ್ತು ಔಷಧಿ. ಬೆಳಿಗ್ಗೆ ರಾತ್ರಿ ದಸ್ತಗಿರ್ ಮನೆಯಲ್ಲೇ ಇರುತ್ತಿದ್ದ. ತುತ್ತು ಮಾಡಿ ಅವಳ ಬಾಯಿಗೆ ಇಡುತ್ತಿದ್ದವನೂ ಅವನೇ, ಔಷಧಿ ಕುಡಿಸುತ್ತಿದ್ದವನೂ ಅವನೇ. ಕಷ್ಟ ಅಂದರೆ ಮಧ್ಯಾಹ್ನದ್ದು. ಆ ಬೀದಿಯಲ್ಲಿ ಹಗಲು ಹೊತ್ತು ಒಂದು ನರಪಿಳ್ಳೆಯೂ ಇರುವುದಿಲ್ಲ, ಎಲ್ಲರೂ ನೂಲಿಗೆ ಹೋಗಿರುತ್ತಾರೆ. ಪಕ್ಕದ ಮನೆ ಜಾನ್ ಬೀ ಕೂಡ ಹೊರಟರೆ ಬರುವುದು ಸಂಜೆಗೇ. ಹಾಗಾಗಿ ಮಧ್ಯಾಹ್ನದ ನಮಾಜು ಮುಗಿಸಿ ದಸ್ತಗಿರ್ ಮನೆಗೆ ಬರುತ್ತಿದ್ದ. ಔಷಧಿ ಕುಡಿಸಿ, ತಂದ ಬನ್ನನ್ನು ಟೀಯಲ್ಲಿ ಅದ್ದಿ ತಿನ್ನಿಸಿ, ಸ್ವಲ್ಪ ಹೊತ್ತು ಕೂರುತ್ತಿದ್ದ. ಬೆಳಗಿನಿಂದ ಬಾಯಿಗೆ ಕೆಲಸವಿಲ್ಲದೆ ಕೂತ ಅಜೀಜಾ ನಲ್ಲಿಯ ಹತ್ತಿರ ಯಾರು ಯಾರಿಗೆ ಏನಂದರು ಅನ್ನುವುದನ್ನೆಲ್ಲ ಹೇಳುತ್ತಿದ್ದಳು. ಮನೆಯಲ್ಲಿ ಅವರ ಮಾತು ಉರ್ದು, ನಾನು ಕನ್ನಡದಲ್ಲೇ ಹೇಳುತ್ತೇನೆ. ಅವನು ಹೂಂ ಹೂಂ ಅನ್ನುತ್ತಿದ್ದ. ತಲೆಯೊಳಗೆ ಯಾವುದೋ ಚರಕದ ಹಲ್ಲು ಸವೆದಿರುತ್ತಿತ್ತು.

ಒಂದು ದಿನ ಮುನಿವೆಂಕಟಪ್ಪನವರ ನೂಲಿನ ಶೆಡ್ಡಿನಲ್ಲಿ ಚರಕದ ಅಚ್ಚು ಮುರಿಯಿತು. ಗೂಡು ಆಗಲೇ ಬೆಂದಿತ್ತು. ಬೆಂದ ಗೂಡು ಯಾರಿಗೂ ಕಾಯುವುದಿಲ್ಲ, ಹೊತ್ತು ಮೀರಿದರೆ ಎಳೆ ಹರಿದು ಎಲ್ಲ ತಿಪ್ಪೆಗೆ. "ಸಾಬ್ರೆ, ಇವತ್ತೊಂದಿನ ಕೈ ಬಿಡಬೇಡಿ" ಎಂದು ಮುನಿವೆಂಕಟಪ್ಪ ಕಾಲಿಗೆ ಬೀಳುವುದೊಂದು ಬಾಕಿ. ದಸ್ತಗಿರ್ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಜೀಜಾ ಗೋಡೆಗೆ ಒರಗಿ, ಉಸಿರಿಗಾಗಿ ಹೆಗಲು ಕುಣಿಸುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಔಷಧಿ ಬಾಟಲಿ ಮಡಿಲಲ್ಲೇ ಇತ್ತು, ತಿರುಪಿನ ಮುಚ್ಚಳ ಹಾಕಿದ್ದು ಹಾಕಿದ ಹಾಗೇ.

"ಮುಚ್ಚಳ ತೆಗೆಯೋಕೆ ಆಗಲಿಲ್ವಾ?" ಎಂದು ಅವನು ಕೇಳಿದ.

ಮಾತಾಡಲು ಉಸಿರೆಲ್ಲಿತ್ತು, ಅವಳು ತಲೆ ಆಡಿಸಿದಳು. ಕೇಳಿದವನೇ ಉತ್ತರವನ್ನೂ ಬಾಯಿಗೆ ಹಾಕಿಕೊಟ್ಟರೆ ಉಸಿರುಗಟ್ಟಿದವಳು ಇನ್ನೇನು ಮಾಡಿಯಾಳು? ಆದರೆ ದಸ್ತಗಿರ್ ಆ ತಲೆಯಾಡಿಸಿದ್ದನ್ನೇ ಹಿಡಿದುಕೊಂಡ. ಊರಿನ ಚರಕವನ್ನೆಲ್ಲ ತಿರುಗಿಸುವ ನಾನು ಹೆಂಡತಿಗೆ ಒಂದು ಮುಚ್ಚಳ ಮಾಡಿಕೊಡಲಾರೆನೇ ಅಂದುಕೊಂಡ.

ಅಲ್ಲಿಂದ ಶುರುವಾಯಿತು ನೋಡಿ ಅವನ ಹುಚ್ಚು. ಮೊದಲು ಮರದ ಬಿರಡೆ ಕಡೆದ. ಸಡಿಲ ಮಾಡಿದರೆ ಸೋರುತ್ತದೆ, ಬಿಗಿ ಮಾಡಿದರೆ ಹಲ್ಲೇ ಬೇಕು. ಆಮೇಲೆ ತಗಡಿನ ಮುಚ್ಚಳಕ್ಕೆ ಬಾಗಿಲಿನ ಹಾಗೆ ಕೀಲು ಕೂರಿಸಿ, ಹಿಂದಕ್ಕೊಂದು ಬಾಲ ಬಿಟ್ಟು, ಕೆಳಗೆ ಚರಕದ ಸಣ್ಣ ಸ್ಪ್ರಿಂಗು ಸಿಕ್ಕಿಸಿದ. ಹೆಬ್ಬೆರಳಲ್ಲಿ ಬಾಲ ಒತ್ತಿದರೆ ಮುಚ್ಚಳ ಏಳಬೇಕು, ಬಿಟ್ಟರೆ ಕೂರಬೇಕು. ಏಳುವುದೇನೋ ಎದ್ದಿತು, ಕೂತಾಗ ಮಾತ್ರ ಸಂದಿಯಲ್ಲಿ ಔಷಧಿ ಒಸರಿ ಇರುವೆ ಮುತ್ತಿದವು. ಸೈಕಲ್ ಟ್ಯೂಬು ಕತ್ತರಿಸಿ ಒಳಗೆ ಹಚ್ಚಿದ. ಸಿಹಿ ಔಷಧಿಗೆ ಅದು ಅಂಟಿಕೊಂಡು ಬಿಡಿಸಲು ಎತ್ತು ಕಟ್ಟಬೇಕಾಯಿತು. ಕೊನೆಗೆ ಗೋಲಿಸೋಡ ಮಾಡುವ ಲಾಲ್ ಬಾಷಾ, "ತಗೋ ಭಾಯ್, ನಿನ್ನ ಕಾಟ ತಪ್ಪಿದರೆ ಸಾಕು" ಎಂದು ಸೋಡಾ ಬಾಟಲಿಯ ಬಾಯಿಗೆ ಹಾಕುವ ರಬ್ಬರಿನ ಉಂಗುರ ಒಂದು ಹಿಡಿ ಕೊಟ್ಟ. ಅದು ಕೂತಿತು. ಬಾಟಲಿ ತಲೆಕೆಳಗೆ ಮಾಡಿದರೂ ಒಂದು ಹನಿ ಬೀಳಲಿಲ್ಲ.

ಅವತ್ತು ದಸ್ತಗಿರ್ ನಡೆದ ನಡಿಗೆಯೇ ಬೇರೆ. ಬಾಟಲಿಗೆ ನೀರು ತುಂಬಿಕೊಂಡು ಟೀ ಅಂಗಡಿಗೆ ಹೋಗಿ, "ಎಡಗೈ ಒಂದರಲ್ಲೇ ತೆಗೀರಿ ನೋಡೋಣ" ಎಂದು ಕೂತವರಿಗೆಲ್ಲ ಕೊಟ್ಟ. ಮುನಿವೆಂಕಟಪ್ಪ ತೆಗೆದರು, ಲಾಲ್ ಬಾಷಾ ತೆಗೆದ. ಒಬ್ಬೊಬ್ಬರೂ ಎಡಗೈಯಲ್ಲಿ ಟಪ್ಪನೆ ತೆಗೆದು, ಬಾಟಲಿಯನ್ನು ಬಲಗೈಗೆ ಬದಲಾಯಿಸಿಕೊಂಡು, ಎರಡು ಗುಟುಕು ಕುಡಿದು, ಭೇಷ್ ಅಂದು ಮುಂದಿನವರಿಗೆ ಕೊಟ್ಟರು. "ಸಾಬ್ರೆ, ಇದನ್ನ ಮಾರ್ಕೆಟ್ಟಿಗೆ ಬಿಡ್ರಿ, ನಾವೆಲ್ಲ ನಿಮ್ಮನೆ ಮುಂದೆ ಸಾಲು ನಿಲ್ತೀವಿ" ಎಂದರು ಮುನಿವೆಂಕಟಪ್ಪ. ದಸ್ತಗಿರ್ ನಕ್ಕು ಮನೆಗೆ ಓಡಿದ.

ಅಜೀಜಾ ಬಾಟಲಿಯನ್ನು ಎಡಗೈಯಲ್ಲಿ ಹಿಡಿದಳು, ಬಾಲದ ಮೇಲೆ ಹೆಬ್ಬೆರಳಿಟ್ಟಳು, ಸ್ವಲ್ಪ ಹೊತ್ತು ನೋಡಿದಳು.

"ಆಗಲ್ಲ ಜೀ" ಎಂದಳು.

ಸ್ಪ್ರಿಂಗು ಗಟ್ಟಿಯಾಯಿತು ಅಂದುಕೊಂಡ. ಮೆದುವಾದದ್ದು ಹಾಕಿ ತಂದ. ಆಗಲ್ಲ ಜೀ. ಬಾಲ ಉದ್ದ ಮಾಡಿದ, ಬೆರಳು ಜಾರದಂತೆ ಗೀರು ಹಾಕಿದ, ಬಾಟಲಿಯ ಹೊಟ್ಟೆಗೆ ದಾರ ಸುತ್ತಿದ. ಆಗಲ್ಲ ಜೀ. ಬೇಸಿಗೆ ಹೋಗಿ ಮಳೆ ಬಂತು, ಮಳೆ ಹೋಯಿತು. ಅಷ್ಟು ದಿನವೂ ಮಧ್ಯಾಹ್ನ ಮನೆಗೆ ಬಂದು ಕುಡಿಸಿ ಹೋಗುವುದು ತಪ್ಪಲಿಲ್ಲ. ಹೋಗುವಾಗ ಮಾತ್ರ ಅವನ ಮುಖ ಗಂಟು ಹಾಕಿಕೊಂಡಿರುತ್ತಿತ್ತು. ಸೋತದ್ದು ಹೆಂಡತಿಯ ಕೈಯಲ್ಲ, ತನ್ನ ಕೈ ಅನ್ನಿಸುತ್ತಿತ್ತು ಅವನಿಗೆ.

ಒಂದು ದಿನ ಮರೆತ ಅರ ತೆಗೆದುಕೊಳ್ಳಲೆಂದು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ. ಬಾಗಿಲು ಓರೆಯಾಗಿತ್ತು. ಒಳಗಿನಿಂದ ಟಪ್, ಟಪ್ ಎಂದು ಸದ್ದು. ಇಣುಕಿ ನೋಡಿದರೆ ಅಜೀಜಾ ಚಾಪೆಯ ಮೇಲೆ ಕೂತು ಎಡಗೈಯಲ್ಲಿ ಮುಚ್ಚಳ ತೆರೆಯುತ್ತಿದ್ದಾಳೆ, ಮುಚ್ಚುತ್ತಿದ್ದಾಳೆ. ಎಲೆಯಡಿಕೆ ಡಬ್ಬಿ ಆಡಿಸಿದಷ್ಟು ಸಲೀಸು. ಆಮೇಲೆ ಬಾಟಲಿಯನ್ನು ಕೆಳಗಿಟ್ಟು ಸುಮ್ಮನೆ ಕೂತಳು.

ಅವನಿಗೆ ಪಿತ್ತ ನೆತ್ತಿಗೇರಿತು. ಕೋಪವೇ ಬಂತು, ಸುಳ್ಳು ಯಾಕೆ. "ಇಷ್ಟು ದಿನ ನನ್ನನ್ನ ಆಟ ಆಡಿಸಿದೆಯಾ ಅಜೀಜಾ? ಊರೆಲ್ಲ ಭೇಷ್ ಅಂದ ಸಾಮಾನು ನಿನಗೆ ಆಗಲ್ಲ ಅಂತ ನಾನು ನಿದ್ದೆ ಬಿಟ್ಟು ಅರ ಹಾಕಿದ್ನಲ್ಲ."

ಅವಳು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಹೇಳಲು ಏನೋ ಇತ್ತು. ಕೇಳುವ ತಾಳ್ಮೆ ಇರಬೇಕಿತ್ತಲ್ಲ.

"ಕೈ ಇದೆ, ಮುಚ್ಚಳ ಇದೆ. ನಾಳೆಯಿಂದ ಮಧ್ಯಾಹ್ನ ನಾನು ಬರಲ್ಲ" ಎಂದು ಹೇಳಿ, ಅರ ತೆಗೆದುಕೊಂಡು ಹೊರಟುಹೋದ.

ಆಡಿದ ಹಾಗೇ ನಡೆದುಕೊಂಡ, ಮಹಾರಾಯ. ಮಧ್ಯಾಹ್ನ ನಮಾಜು ಮುಗಿಸಿ ನೇರ ಅಂಗಡಿಗೆ ಹೋಗತೊಡಗಿದ. ರಾತ್ರಿ ಬಂದು, "ಮಧ್ಯಾಹ್ನದ್ದು ಕುಡಿದೆಯಾ?" ಎಂದರೆ "ಕುಡಿದೆ" ಅನ್ನುತ್ತಿದ್ದಳು. ಬಾಟಲಿಯಲ್ಲಿ ಔಷಧಿ ಇಳಿದಿರುತ್ತಿತ್ತು. ಅವನಿಗೆ ಅಷ್ಟೇ ಸಾಕಾಯಿತು. ಹೆಂಡತಿಗೆ ಸ್ವತಂತ್ರ ಕೊಟ್ಟೆ ಎಂದು ಲಾಲ್ ಬಾಷಾನ ಮುಂದೆ ಹೇಳಿಕೊಂಡ. ನಲ್ಲಿಯ ಜಗಳದ ಸುದ್ದಿ ಅವಳು ರಾತ್ರಿ ಹೇಳಲಿಲ್ಲ, ಅವನೂ ಕೇಳಲಿಲ್ಲ. ಚಳಿ ಶುರುವಾದ ಮೇಲೆ ಅವಳ ದಮ್ಮು ಜಾಸ್ತಿಯಾಯಿತು. ಕಾಲ ಹಾಗಿದೆ, ನಂದಿ ಕಡೆಯ ಮಂಜು ಇಲ್ಲಿಗೂ ಬರುತ್ತಿದೆ ಅಂದುಕೊಂಡ.

ಆ ಡಿಸೆಂಬರಿನಲ್ಲಿ ಜಾನ್ ಬೀ ನಂಟರ ಮದುವೆಗೆಂದು ಚಿಂತಾಮಣಿಗೆ ಹೋದಳು. ಅವಳು ಹೋದ ಮರುದಿನ ಸಂಜೆ ದಸ್ತಗಿರ್ ಮನೆಗೆ ಬಂದಾಗ ಅಜೀಜಾ ಚಾಪೆಯ ಮೇಲೆ ಬಾಗಿಲ ಕಡೆ ಮುಖ ಮಾಡಿ ಒರಗಿದ್ದಳು. ಮೈ ತಣ್ಣಗಾಗಿತ್ತು. ಬಾಟಲಿ ಕೈಯಿಂದ ಉರುಳಿ ಗೋಡೆಯ ಹತ್ತಿರ ಬಿದ್ದಿತ್ತು. ಮುಚ್ಚಳ ಭದ್ರವಾಗಿ ಕೂತಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಹಿಂದಿನ ರಾತ್ರಿ ಅವನು ಕುಡಿಸಿದ ಮೇಲೆ ಎಷ್ಟಿತ್ತೋ ಅಷ್ಟೇ ಇತ್ತು. ಅವತ್ತು ಬೆಳಿಗ್ಗೆ ಅವಸರದಲ್ಲಿ ಅವನು ಕುಡಿಸುವುದನ್ನೇ ಮರೆತು ಹೋಗಿದ್ದ.

ಮಣ್ಣು ಕೊಟ್ಟು ಬಂದವನು ಬಾಟಲಿ ಹಿಡಿದು ಮೂಲೆಯಲ್ಲಿ ಕೂತ. ಮುಚ್ಚಳ ಸಿಕ್ಕಿಹಾಕಿಕೊಂಡಿತೇನೋ, ತನ್ನ ಕೆಲಸವೇ ಅವಳನ್ನು ತಿಂದಿತೇನೋ ಎಂದು ಒತ್ತಿ ಒತ್ತಿ ನೋಡಿದ. ಪ್ರತಿ ಸಲವೂ ತೆರೆದುಕೊಂಡಿತು. ಮಗಳು ವಜೀರುನ್ನೀಸಾ ಬಂದು ಅದನ್ನು ಕೈಯಿಂದ ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ.

ಮದುವೆ ಬಿಟ್ಟು ಓಡಿಬಂದ ಜಾನ್ ಬೀ ಹೊಸ್ತಿಲಲ್ಲಿ ಕೂತು ಅತ್ತಳು. ಅತ್ತು ಸಾಕಾದ ಮೇಲೆ ಅವಳೇ ಹೇಳಿದಳು, "ಅದನ್ನ ಯಾಕೆ ನೋಡ್ತೀರ ಭಾಯ್. ಅದರದ್ದೇನೂ ತಪ್ಪಿಲ್ಲ. ತೆಗೆಯೋಕೆ ಅವಳಿಗೆ ಬರ್ತಿತ್ತು. ಕುಡಿಯೋಕೆ ಆಗ್ತಿರಲಿಲ್ಲ."

"ಅಂದ್ರೆ?"

"ಎಡಗೈಲಿ ಬಾಯಿಗೆ ಇಟ್ಕೊಳ್ಳೋಕೆ ಆಗಲ್ಲ ಅಂತಿದ್ಲು. ಚಿಕ್ಕೋಳಿದ್ದಾಗ ಅವರಮ್ಮ ಎಡಗೈಲಿ ಒಂದು ಕಡಲೆಕಾಳು ತಿಂದ್ರೂ ಬರೆ ಹಾಕ್ತಿದ್ರಂತೆ. ನೀವು ಮಧ್ಯಾಹ್ನ ಬರೋದು ಬಿಟ್ಟ ಮೇಲೆ ನಾನು ಸಂಜೆ ನೂಲಿಂದ ಬಂದು ಕುಡಿಸ್ತಿದ್ದೆ. ಅಲ್ಲೀವರೆಗೂ ಉಸಿರು ಹಿಡ್ಕೊಂಡು ಕೂತಿರೋಳು."

ದಸ್ತಗಿರ್ ಬಾಟಲಿಯನ್ನು ನೆಲಕ್ಕಿಟ್ಟ. ದಿನಾ ಎರಡು ಹೊತ್ತು ಅವಳ ಬಾಯಿಗೆ ತುತ್ತಿಟ್ಟವನು. ಎಡಗೈಯಲ್ಲಿ ಕಲಸಲು ಬರುವುದಿಲ್ಲ, ಅದಕ್ಕೆ ನಾನು ತಿನ್ನಿಸುತ್ತೇನೆ ಅಂದುಕೊಂಡಿದ್ದನೇ ಹೊರತು ಬೇರೆ ಏನೂ ಅವನಿಗೆ ಹೊಳೆದಿರಲಿಲ್ಲ. ಬಲಗೈ ಇದ್ದವನಿಗೆ ಹೊಳೆಯುವುದಾದರೂ ಹೇಗೆ.

"ಕೈಲಾಗದವರಿಗೆ ಖುದಾ ಮಾಫಿ ಮಾಡ್ತಾನಲ್ಲ" ಎಂದ.

"ನಾನೂ ಅದನ್ನೇ ಹೇಳಿದೆ ಭಾಯ್. ಖುದಾ ಮಾಡ್ತಾನೆ ಜಾನ್ ಬೀ, ನನ್ನ ಬಾಯೇ ತೆರೆಯಲ್ಲ ಅಂದ್ಲು. ಹಾಗಾದ್ರೆ ಅವರಿಗೆ ಹೇಳೇ ಅಂದೆ. ಅಷ್ಟು ಆಸೆಯಿಂದ ಮಾಡಿದಾರೆ, ಇದು ನನಗೆ ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ ಅಂದ್ಲು." ಜಾನ್ ಬೀ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನನ್ನ ಬಲಗೈ ಎಲ್ಲೂ ಹೋಗಿಲ್ಲ ಕಣೇ, ಅವರ ಹತ್ರ ಇದೆ ಅಂತಿದ್ಲು."

ಆ ಔಷಧಿ ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಅಜೀಜಾ ಉಳಿಯುತ್ತಿದ್ದಳೋ ಇಲ್ಲವೋ, ಅದನ್ನು ಯಾವ ಡಾಕ್ಟರೂ ಹೇಳಲಿಲ್ಲ. ದಸ್ತಗಿರ್ ಯಾರನ್ನೂ ಕೇಳಲಿಲ್ಲ.

ಮೂರನೆಯ ದಿನದ ಫಾತೇಹ ಮುಗಿಯಿತು. ನಂಟರೆಲ್ಲ ಎದ್ದು ಹೋದರು. ವಜೀರುನ್ನೀಸಾ ಅಪ್ಪನ ಮುಂದೆ ತಟ್ಟೆ ಇಟ್ಟು, ಅನ್ನಕ್ಕೆ ಸಾರು ಹಾಕಿದಳು. ಅವನು ತಟ್ಟೆ ನೋಡಿದ, ತನ್ನ ಬಲಗೈ ನೋಡಿದ. ಅರದ ಕಪ್ಪು ಹಿಡಿದ ಕೈ. ಸಾರಿನ ಹಬೆ ಆರಿ ಅನ್ನ ತಣ್ಣಗಾಯಿತು, ಕೈ ಮಾತ್ರ ಮುಂದೆ ಬರಲಿಲ್ಲ.

"ತಿನ್ನಿ ಅಬ್ಬಾ, ಮಧ್ಯಾಹ್ನ ಆಯ್ತು. ಕೈಗೇನಾಗಿದೆ ನಿಮಗೆ?" ಎಂದಳು ಮಗಳು.

"ಇದು ನಿಮ್ಮಮ್ಮಿ ಕೈ ಕಣಮ್ಮ" ಎಂದ ದಸ್ತಗಿರ್. "ಮಧ್ಯಾಹ್ನದ ಹೊತ್ತು ನಾನು ಇದನ್ನ ಅಂಗಡೀಲಿ ಇಟ್ಕೊಂಡು ಕೂತ್ಬಿಟ್ಟೆ."