ಗೇಟಣ್ಣನ ಮನೆಯ ಬೀರು ಹೊರಬಂದ ದಿನ

ನಮ್ಮ ಕೆಳಬೀದಿಯಲ್ಲಿ ಜಲಾಶಯ ಇಲಾಖೆಯ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಆದರೆ ಆ ಇಲಾಖೆಯ ನೌಕರನೊಬ್ಬನ ಮನೆಯನ್ನು ಎಲ್ಲರೂ ನಂಬುತ್ತಿದ್ದರು. ನಂಬುತ್ತಿದ್ದುದು ಮನೆಯನ್ನು, ಮನೆಯ ಯಜಮಾನನನ್ನಲ್ಲ. ಆತ ಅಣೆಕಟ್ಟಿನ ಮೇಲೆ ಗೇಟುಗಳನ್ನು ಎತ್ತಿ ಇಳಿಸುವ ಕೆಲಸದವನು. ಹಾಗಾಗಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಆತ ಗೇಟಣ್ಣ.

ಈ ವಿಚಿತ್ರ ನಂಬಿಕೆಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದಿನ ಮಳೆಗಾಲವೊಂದರಲ್ಲಿ ಇಲಾಖೆಯ ಎಚ್ಚರಿಕೆಯ ಜೀಪಿಗಿಂತ ಮೊದಲು ನೀರೇ ನಮ್ಮ ಬೀದಿಗೆ ಬಂದಿತ್ತು. ಜೀಪು ಬೀದಿಯ ತಲೆಯಲ್ಲಿ ನಿಂತು, ಸೊಂಟದ ಮಟ್ಟ ಮುಳುಗಿದ್ದ ನಮಗೆ, “ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು” ಎಂದು ಮೈಕಿನಲ್ಲಿ ಹೇಳಿತು. ಆವತ್ತಿನಿಂದ ಬೀದಿಯವರು ಮೈಕಿಗೆ ಕಿವಿಗೊಡುವುದನ್ನು ಬಿಟ್ಟು ಗೇಟಣ್ಣನ ಮನೆಯ ಮೇಲೆ ಕಣ್ಣಿಟ್ಟರು. ಗೇಟು ಎತ್ತುವವನಿಗೆ ಗೊತ್ತಿಲ್ಲದೆ ಗೇಟು ಏಳುವುದಿಲ್ಲ. ಗೊತ್ತಿದ್ದವನು, ಒಮ್ಮೆ ಮನೆ ಮುಳುಗಿದ ಮೇಲಾದರೂ, ತನ್ನ ಹೆಂಡತಿಗೆ ಹೇಳದೆ ಇರುವುದಿಲ್ಲ. ಇಷ್ಟೇ ತರ್ಕ. ಅವನ ಸ್ಕೂಟರು ಮೇಲಿನ ರಸ್ತೆಯಲ್ಲಿ ನಿಂತರೆ ಬೀದಿಯಲ್ಲಿ ಗುಸುಗುಸು. ಹಿಟ್ಟಿನ ಡಬ್ಬ ಅಟ್ಟಕ್ಕೇರಿತೆಂದರೆ ಪಕ್ಕದ ಮನೆಗಳ ಡಬ್ಬಗಳೂ ಅಟ್ಟಕ್ಕೇರುತ್ತಿದ್ದವು.

ನನ್ನ ಬಾಡಿಗೆ ಮನೆ ಅವನ ಮನೆಯ ಎದುರಿನ ಮಹಡಿ. ಕೆಳಗೆ ದರ್ಜಿಯ ಅಂಗಡಿ. ದರ್ಜಿ ಹೊಲಿಗೆ ಯಂತ್ರವನ್ನು ಬೆಳಕಿಗೆಂದು ಬಾಗಿಲಿಗೆ ಮುಖಮಾಡಿ ಇಟ್ಟುಕೊಂಡಿದ್ದ. ಆ ಬೆಳಕಿನಲ್ಲಿ ಬಟ್ಟೆಗಿಂತ ಗೇಟಣ್ಣನ ಹೊಸಿಲೇ ಚೆನ್ನಾಗಿ ಕಾಣುತ್ತಿತ್ತು. ನಾನೂ ನೋಡುತ್ತಿರಲಿಲ್ಲವೆಂದಲ್ಲ.

ಪಂಪು ರಿಪೇರಿಯವನ ಮಗನಾದ ಗೇಟಣ್ಣ ಇಲಾಖೆಗೆ ಸೇರಿದ್ದು ಗೇಟಿನ ಸರಪಳಿಗಳಿಗೆ ಗ್ರೀಸ್ ಹಚ್ಚುವ ಸಹಾಯಕನಾಗಿ. ಗೇಟುಗಳ ಮೋಟರು ಮುಟ್ಟಲು ಅನುಮತಿ ಸಿಕ್ಕಿದ ದಿನವನ್ನು ಮದುವೆಯ ದಿನದ ಹಾಗೆ ನೆನೆಯುತ್ತಿದ್ದನೆಂದು ಅವನ ಹೆಂಡತಿ ನನ್ನೊಡನೆ ಒಮ್ಮೆ ಹೇಳಿ ನಕ್ಕಿದ್ದಳು. ಮನೆಯಲ್ಲೂ ಕೈ ಸುಮ್ಮನಿರುತ್ತಿರಲಿಲ್ಲ; ಅವನ ಮನೆಯ ಒಂದು ಬಾಗಿಲೂ ಕಿರುಗುಟ್ಟುತ್ತಿರಲಿಲ್ಲ. ಸದ್ದಿಲ್ಲದೆ ಬಾಗಿಲು ತೆರೆಯುವ ಮನೆಯಲ್ಲಿ ಏನೋ ಇದೆ ಎಂದು ಬೀದಿ ಅದನ್ನೂ ಅನುಮಾನದ ಪಟ್ಟಿಗೆ ಸೇರಿಸಿತ್ತು.

ಗೇಟು ತೆರೆಯುವ ವಿಷಯ ಅಧಿಕೃತವಾಗಿ ಪ್ರಕಟವಾಗುವ ಮೊದಲು ಸಿಬ್ಬಂದಿ ಬಾಯಿ ಬಿಡಕೂಡದೆಂದು ಇಲಾಖೆಯ ನಿಯಮ. ಸುಳ್ಳು ಸುದ್ದಿ ಹಬ್ಬಿ ಜನ ದಿಕ್ಕಾಪಾಲಾಗಿ ಓಡಬಾರದೆಂಬುದು ಅದರ ಉದ್ದೇಶ. ಬೇರೆ ನೌಕರರು ಆ ನಿಯಮವನ್ನು ಗೋಡೆಯ ಮೇಲಿನ ಬರಹದಂತೆ ಕಂಡು ಮರೆತರು. ಗೇಟಣ್ಣ ಅದನ್ನು ಮೈಗೂಡಿಸಿಕೊಂಡ. ಏನು ಕೇಳಿದರೂ ಅವನ ಉತ್ತರ ಒಂದೇ: “ಏನಿಲ್ಲ.”

ಆ ಮಳೆಗಾಲದಲ್ಲಿ ನದಿಯ ಮೇಲ್ಭಾಗದಲ್ಲಿ ಮಳೆ ಬಿಡದೆ ಹೊಯ್ಯುತ್ತಿದ್ದಾಗ ದರ್ಜಿ ಅವನನ್ನು ಅಡ್ಡಹಾಕಿದ.

“ಏನ್ ಗೇಟಣ್ಣ, ತುಂಬ್ತಾ ಬಂತಂತೆ? ನಮ್ಮ ತಲೆ ಮೇಲೆ ಯಾವಾಗ ಸುರೀತೀರಿ?”

“ಏನಿಲ್ಲ.”

“ಅಲ್ಲ ಮಾರಾಯ, ಮೊದಲಿಂದಾನೇ ಸ್ವಲ್ಪ ಸ್ವಲ್ಪ ಬಿಟ್ಕೊಂಡು ಜಾಗ ಖಾಲಿ ಇಟ್ಕೊಂಡಿದ್ರೆ ಆಗ್ತಿರಲಿಲ್ವಾ? ಗಂಟಲವರೆಗೂ ಕುಡಿಯೋದು, ಆಮೇಲೆ ಒಂದೇ ಸಲ ಕಕ್ಕೋದು. ಇದ್ಯಾವ ನ್ಯಾಯ?”

“ಖಾಲಿ ಇಟ್ಟ ಮೇಲೆ ಮಳೆ ಕೈಕೊಟ್ರೆ? ಬೇಸಿಗೇಲಿ ನಲ್ಲಿ ಒಣಗಿದಾಗ ನೀನೇ ಕೊಡ ಹಿಡ್ಕೊಂಡು ನಮ್ಮ ಆಫೀಸ್ ಮುಂದೆ ಕೂರ್ತೀಯ.”

“ಅಂದ್ರೆ ಬಿಡ್ತೀರಿ ಅಂತಾಯ್ತು.”

“ನಾನು ಹಾಗಂದ್ನಾ?”

“ನೀನು ಯಾವತ್ತು ಏನಂದಿದ್ದೀಯ ಬಿಡು!”

ಅದಾದ ಎರಡು ಮೂರು ದಿನಗಳಲ್ಲೇ, ಗೇಟಣ್ಣ ಕೆಲಸಕ್ಕೆ ಹೋದ ಮೇಲೆ, ಅವನ ಹೆಂಡತಿ ಕೈಗಾಡಿಯವನೊಬ್ಬನನ್ನು ಕರೆತಂದಳು. ಮಲಗುವ ಕೋಣೆಯಲ್ಲಿದ್ದ ಕಬ್ಬಿಣದ ಬೀರುವನ್ನು ಇಬ್ಬರೂ ಸೇರಿ ಹೊಸಿಲು ದಾಟಿಸಿ, ಗಾಡಿಯ ಮೇಲೆ ಮಗ್ಗುಲಾಗಿ ಮಲಗಿಸಿ, ಟಾರ್ಪಾಲು ಹೊದಿಸಿದರು. ಹೊಲಿಗೆ ಯಂತ್ರದ ಸದ್ದು ನಿಂತಿತು.

“ಎಲ್ಲಿಗಮ್ಮಾ ಬೀರು?” ಎಂದ ದರ್ಜಿ.

“ಅಣ್ಣನ ಮನೆಗೆ.”

ಅವಳ ಅಣ್ಣನ ಮನೆ ಊರಿನ ಎತ್ತರದ ಬಡಾವಣೆಯಲ್ಲಿತ್ತು. “ಯಾಕೆ?” ಎಂದು ದರ್ಜಿ ಕೇಳಿದ್ದಕ್ಕೆ ಅವಳು, “ಅಲ್ಲೇ ಇರಲಿ ಅಂತ” ಎಂದು ಹೇಳಿ ಗಾಡಿಯ ಹಿಂದೆ ನಡೆದಳು.

ದರ್ಜಿಗೆ ಇನ್ನೇನೂ ಬೇಕಾಗಿರಲಿಲ್ಲ. ಯಂತ್ರದ ತಲೆಯನ್ನು ಬಿಚ್ಚಿ ಬಗಲಲ್ಲಿ ಇಟ್ಟುಕೊಂಡು ಹೊರಟವನನ್ನು ನೋಡಿ ಹಿಟ್ಟಿನ ಗಿರಣಿಯವನು ಹೊರಟ. ಅವನನ್ನು ನೋಡಿ ಉಳಿದವರು. ನಾನೂ ಪುಸ್ತಕಗಳನ್ನು ಅಟ್ಟಕ್ಕೆ ಸೇರಿಸಿ ಬೀಗ ಹಾಕಿದೆ. ಸಂಜೆಯೊಳಗೆ ಬೀದಿ ಬರಿದಾಯಿತು. ಎಲ್ಲರೂ ಒಟ್ಟಿಗೇ ಹೊರಟದ್ದರಿಂದ ಸೇತುವೆಯ ಮೇಲೆ ಗಾಡಿಗಳು ಸಿಕ್ಕಿಕೊಂಡು, ಆಸ್ಪತ್ರೆಗೆ ಹೊರಟಿದ್ದ ಆಂಬುಲೆನ್ಸೊಂದು ಅಲುಗಾಡಲಾಗದೆ ನಿಂತಿತು. ರೋಗಿ ಬದುಕಿಕೊಂಡರು, ಆದರೆ ಸುದ್ದಿ ದೊಡ್ಡದಾಯಿತು.

ನೀರು ಬರಲೇ ಇಲ್ಲ.

ಇಲಾಖೆ ತನಿಖೆಗೆ ಇಳಿಯಿತು. ಬೀರು ಹೊರಟ ಹೊತ್ತಿನಲ್ಲೇ ಮುಖ್ಯ ಕಚೇರಿಯಲ್ಲಿ ಗೇಟು ತೆರೆಯುವ ಬಗ್ಗೆ ಮುಚ್ಚಿದ ಬಾಗಿಲಿನ ಸಭೆ ನಡೆಯುತ್ತಿತ್ತಂತೆ. ಮೇಲ್ಭಾಗದಲ್ಲಿ ಮಳೆ ಇಳಿಮುಖವಾಯಿತೆಂದು ಕೊನೆಯ ಗಳಿಗೆಯಲ್ಲಿ ಆ ಯೋಚನೆಯನ್ನು ಕೈಬಿಟ್ಟರಂತೆ. ಬೀರು ಮತ್ತು ಸಭೆ, ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟವರಿಗೆ ಮೂರನೆಯದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗುಟ್ಟು ಬಿಟ್ಟವನು ಗೇಟಣ್ಣನೆಂದು ಸಾಬೀತಾದರೆ ಅವನನ್ನು ಗೇಟಿನ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕುವುದು ಖಂಡಿತವಾಗಿತ್ತು. ಸರಪಳಿ, ಮೋಟರುಗಳ ಹೊರತು ಬೇರೆ ಬದುಕನ್ನೇ ಕಾಣದವನಿಗೆ ಅದು ಸಣ್ಣ ಶಿಕ್ಷೆಯಲ್ಲ.

ನಾವೆಲ್ಲ ಬೀದಿಗೆ ಮರಳಿದ್ದರೂ ಅವನ ಹೆಂಡತಿ ಮರಳಿರಲಿಲ್ಲ. ಆತ, “ಅವಳು ಅತ್ತೆಯವರನ್ನ ನೋಡ್ಕೊಳ್ಳೋಕೆ ಹೋಗಿದ್ದಾಳೆ” ಎಂದು ಹೇಳಿಕೊಂಡು ತಿರುಗುತ್ತಿದ್ದ. ಅವನ ಹೆಂಡತಿಯ ತಾಯಿ ಎತ್ತರದ ಬಡಾವಣೆಯ ಮಗನ ಮನೆಯಲ್ಲಿದ್ದುದು ನಿಜ, ಕಾಲಿನ ಶಕ್ತಿ ಹೋಗಿದ್ದುದೂ ನಿಜ. ಆದರೆ ತಾಯಿಯ ಆರೈಕೆಗೆ ಹೋದವಳು ಕಬ್ಬಿಣದ ಬೀರುವನ್ನೇಕೆ ಹೊತ್ತುಕೊಂಡು ಹೋದಳು? ಅವರ ಹಗ್ಗದ ಮೇಲೆ ಈಗ ಗಂಡಸಿನ ಬಟ್ಟೆಗಳಷ್ಟೇ ಒಣಗುತ್ತಿದ್ದವು. ಆತ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಸಾಕ್ಷಿ ಹೇಳಲು ದರ್ಜಿಗೂ ನನಗೂ ಕರೆ ಬಂತು. ತನಿಖೆ ನಡೆದದ್ದು ಇಲಾಖೆಯ ಉಪಕಚೇರಿಯಲ್ಲಿ. ಗೋಡೆಯ ಮೇಲೆ ನದಿಯ ನಕ್ಷೆ. ನಮ್ಮ ಬೀದಿ ಇರಬೇಕಾದ ಜಾಗದಲ್ಲಿ ಯಾರದೋ ಬೆರಳು ಆಡಿ ಆಡಿ ಬಣ್ಣ ಹೋಗಿತ್ತು. ಅಧಿಕಾರಿ ಮಿತಭಾಷಿ, ಪ್ರತಿ ಪ್ರಶ್ನೆಗೂ ಮೊದಲು ಕನ್ನಡಕ ತೆಗೆದು ಒರೆಸುತ್ತಿದ್ದರು. ನಾವು ಕಂಡದ್ದನ್ನು ಹೇಳಿದೆವು. ಗೇಟಣ್ಣ ಕುರ್ಚಿಯ ಅಂಚಿನಲ್ಲಿ ಕುಳಿತು ಕೇಳಿಸಿಕೊಂಡ.

“ನೀವು ಮನೇಲಿ ಹೇಳಿದ್ರಾ?”

“ನಾನು ಯಾರಿಗೂ ಹೇಳಿಲ್ಲ ಸಾರ್.”

“ಹಾಗಾದ್ರೆ ಬೀರು ಯಾಕೆ ಹೋಯ್ತು?”

ಗೇಟಣ್ಣ ಗೋಡೆಯ ನಕ್ಷೆಯತ್ತ ಮುಖ ತಿರುಗಿಸಿದ.

“ನಿಮ್ಮ ಮನೆ ಬೀರು ಕಣ್ರೀ. ಕಾಲು ಬಂದು ತಾನೇ ನಡ್ಕೊಂಡು ಹೋಯ್ತಾ?”

ದರ್ಜಿ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದ. ಅಧಿಕಾರಿ ಕನ್ನಡಕ ಏರಿಸಿಕೊಂಡು, “ಸರಿ, ಮುಂದಿನ ವಾರ ನಿಮ್ಮ ಮನೆಯವರನ್ನೇ ಕರೆಸ್ತೀನಿ” ಎಂದರು. ಆಗ ಗೇಟಣ್ಣ ಎದ್ದು ನಿಂತ.

“ಅವಳನ್ನ ಕರೀಬೇಡಿ ಸಾರ್. ನಾನೇ ಹೇಳಿದೆ ಅಂತ ಬರ್ಕೊಳ್ಳಿ. ಸಹಿ ಹಾಕ್ತೀನಿ.”

“ಈಗ ತಾನೇ ಹೇಳಿಲ್ಲ ಅಂದ್ರಲ್ಲ?”

“ಬರ್ಕೊಳ್ಳಿ ಸಾರ್.”

ಅಧಿಕಾರಿ ಬರೆದುಕೊಳ್ಳಲಿಲ್ಲ. ತಾನಾಗಿ ಒಪ್ಪಿಕೊಳ್ಳುವವನ ಹಿಂದೆ ಇನ್ನೊಬ್ಬರಿರುತ್ತಾರೆಂಬ ಅನುಮಾನ ಅವರಿಗೆ ಬಂದಿರಬೇಕು. ಹೊರಗೆ ಬರುವಾಗ ದರ್ಜಿ ನನ್ನ ಕಿವಿಯಲ್ಲಿ, “ನೋಡಿದ್ರಾ ಅಕ್ಕಾ, ಹೆಂಡ್ತಿ ಬಾಯಿಬಿಟ್ರೆ ಇನ್ನೂ ದೊಡ್ಡದೇನೋ ಹೊರಬೀಳುತ್ತೆ” ಎಂದ. ನನಗೂ ಹಾಗೆಯೇ ಅನ್ನಿಸಿತ್ತು.

ಮುಂದಿನ ವಾರ ನಮ್ಮಿಬ್ಬರನ್ನೂ ಮತ್ತೆ ಕರೆಸಿದ್ದರು; ಅವಳು ಅಣ್ಣನ ಜೊತೆ ಬಂದಳು. ಗಂಡನ ಕಡೆ ನೋಡಲಿಲ್ಲ. ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದಳು.

“ಗೇಟು ತೆಗೀತಾರೆ ಅಂತ ನಿಮ್ಮ ಯಜಮಾನರು ನಿಮಗೆ ಹೇಳಿದ್ರಾ ಅಮ್ಮಾ?”

“ಇಲ್ಲ.”

“ಮತ್ತೆ ಬೀರು?”

“ಆ ಸಲ ನೀರು ಬಂತಲ್ಲ ಸಾರ್, ಆವತ್ತು ನಮ್ಮಮ್ಮ ನಮ್ಮನೇಲೇ ಇದ್ರು. ಬೆಳಿಗ್ಗೆ ಇವರು, ರಾತ್ರಿ ಡ್ಯಾಮ್ ಮೇಲೇ ಉಳಿಯೋರ ಹಾಗೆ, ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬ್ಕೊಂಡ್ರು. ಏನಾದ್ರೂ ಇದೆಯಾ ಅಂತ ಕೇಳಿದೆ. ಏನಿಲ್ಲ ಅಂದ್ರು. ಮಧ್ಯಾಹ್ನ ಅಮ್ಮನ್ನ ಮಂಚದ ಸಮೇತ ನಾಲ್ಕು ಜನ ಎತ್ಕೊಂಡು ನೀರಲ್ಲಿ ಹೊರಟ್ರು. ಅವರಲ್ಲಿ ಇವರೂ ಒಬ್ಬರು, ಕೇಳಿ.” ಅವಳು ದರ್ಜಿಯನ್ನು ತೋರಿಸಿದಳು. “ಅಮ್ಮ ಇವತ್ತಿಗೂ ‘ಅಳಿಯ ನನ್ನ ಮೇಲೆ ನೀರು ಬಿಟ್ಟ’ ಅಂತಾನೇ ಹೇಳೋದು. ನಾನು ಏನಂತ ಸಮಾಧಾನ ಮಾಡ್ಲಿ?”

“ಅದು ಹಿಂದಿನ ಮಾತು.”

“ಈ ಸಲಾನೂ ಹಾಗೇ ಬಟ್ಟೆ ತುಂಬ್ಕೊಂಡ್ರು. ಕೇಳಿದೆ. ಏನಿಲ್ಲ ಅಂದ್ರು. ಹೆಂಡ್ತೀನೇ ನಂಬದೋರ ಜೊತೆ ಇನ್ನು ಸಾಕು ಅನ್ನಿಸ್ತು. ನನ್ನ ಬೀರು ತಗೊಂಡು ಹೊರಟೆ. ನೀರಿಗೆ ಹೆದರಿ ಹೋಗ್ಲಿಲ್ಲ ಸಾರ್. ಮನೆ ಬಿಟ್ಟು ಹೋದೆ.”

ಗೇಟಣ್ಣ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಕೆಲಸ ಹೋದರೂ ಚಿಂತೆಯಿಲ್ಲವೆಂದು ಆತ ಮುಚ್ಚಿಟ್ಟದ್ದು ಇಷ್ಟನ್ನೇ.

“ಅಂದ್ರೆ ಅವರು ಹೇಳಲಿಲ್ಲ,” ಎಂದರು ಅಧಿಕಾರಿ ನಿಧಾನವಾಗಿ.

“ಹೇಳಲಿಲ್ಲ. ಅದೇ ನನ್ನ ದೂರು. ನಿಮಗೆ ಬೇಕಿದ್ರೆ ಅದನ್ನ ಬಹುಮಾನ ಅಂತ ಬರ್ಕೊಳ್ಳಿ.”

ಗೇಟಣ್ಣ ನಿರ್ದೋಷಿ ಎಂದು ತೀರ್ಮಾನವಾಯಿತು. ಆದರೆ ಅನುಮಾನಿಸುವುದರಲ್ಲಿ ಇಲಾಖೆ ನಮ್ಮ ಬೀದಿಗೇನೂ ಕಡಿಮೆಯಿರಲಿಲ್ಲ. ಗೇಟಿನ ಸಿಬ್ಬಂದಿ ಇನ್ನು ಮುಂದೆ ನದಿಯಂಚಿನ ಬೀದಿಗಳಲ್ಲಿ ವಾಸಿಸಕೂಡದು, ಅಣೆಕಟ್ಟಿನ ಪಕ್ಕದ ವಸತಿಗೃಹಗಳಲ್ಲೇ ಇರಬೇಕು ಎಂಬ ಆದೇಶ ಹೊರಟಿತು.

“ನಮ್ಮ ಕಣ್ಣು ಕೀಳೋಕೆ ಮಾಡಿದ ಉಪಾಯ ಇದು,” ಎಂದ ದರ್ಜಿ. “ನಾಟಕ ಅಕ್ಕಾ, ಗಂಡ ಹೆಂಡ್ತಿ ಇಬ್ರೂ ಸೇರಿ ಆಡಿದ್ದು. ಮನೆ ಬಿಟ್ಟು ಹೋದವಳು ಅಷ್ಟು ಚೆನ್ನಾಗಿ ಮಾತಾಡ್ತಾಳಾ?”

ನಾಟಕವಾಗಿರಲಿಲ್ಲ. ವಸತಿಗೃಹವನ್ನು ನೋಡಲು ಅವಳು ಒಬ್ಬಳೇ ಹೋಗಿದ್ದಳೆಂದು ಆಮೇಲೆ ಅವಳೇ ಹೇಳಿದಳು. ಗೋಡೆ ಒದ್ದೆ, ನಲ್ಲಿ ಸೋರುತ್ತಿತ್ತು, ಬೀರು ಇಡಲು ಸರಿಯಾದ ಮೂಲೆಯೂ ಇರಲಿಲ್ಲ. ಆದರೆ ಅಡುಗೆಮನೆಯ ಕಿಟಕಿಯಿಂದ ಗೇಟುಗಳ ಸಾಲು ನೇರವಾಗಿ ಕಾಣುತ್ತಿತ್ತು.

“ಈ ಮನೇಲಾದ್ರೆ ಇರ್ತೀನಿ ಅಂದೆ ಅಕ್ಕಾ. ಇವರು ಹೇಳೋದೂ ಬೇಡ, ನಾನು ಕೇಳೋದೂ ಬೇಡ. ನನ್ನ ಕಣ್ಣಿಂದ ನಾನೇ ನೋಡ್ಕೋತೀನಿ.”

“ಅಷ್ಟಕ್ಕೇ ಒಪ್ಪಿದೆಯಾ?”

“ಅವರು ಬದಲಾಗ್ತಾರಾ? ಕಿಟಕಿ ಬದಲಾಯ್ತು, ಅಷ್ಟೆ.”

ನನ್ನ ಮನಸ್ಸಿನಲ್ಲಿ ಬೇರೊಂದು ಅನುಮಾನ ಉಳಿದಿತ್ತು, ಈಗಲೂ ಇದೆ. ಅಷ್ಟು ಜಾಗರೂಕನಾದ ಮನುಷ್ಯ, ಎರಡು ಸಲವೂ, ಹೆಂಡತಿಯ ಕಣ್ಣೆದುರೇ ಏಕೆ ಬಟ್ಟೆ ತುಂಬಿಕೊಂಡ? ಬಟ್ಟೆಯನ್ನು ಹಿಂದಿನ ದಿನವೇ ಸದ್ದಿಲ್ಲದೆ ಒಯ್ಯಬಹುದಿತ್ತು. ಬಾಯಿಯಿಂದ ಹೇಳಲಾಗದ್ದನ್ನು ಆತ ಚೀಲದಿಂದ ಹೇಳುತ್ತಿದ್ದನೇ? ಕೇಳಿದರೆ “ಏನಿಲ್ಲ” ಎನ್ನುತ್ತಾನೆಂದು ಕೇಳಲಿಲ್ಲ.

ಸಾಮಾನು ಸಾಗಿಸುವ ದಿನ ಬೀದಿಯವರೆಲ್ಲ ಕೈಹಾಕಿದರು. ಲಾರಿ ತುಂಬಿದ ಮೇಲೆ ಗೇಟಣ್ಣ ಹಗ್ಗ ಬಿಗಿಯುತ್ತಿದ್ದ. ದರ್ಜಿ ಅವನ ಹೆಂಡತಿಯ ಬಳಿ ಬಂದು, ಎಂದೂ ಇಲ್ಲದ ವಿನಯದಿಂದ ಕೇಳಿದ: “ಅಮ್ಮಾ, ಅಡುಗೆಮನೆಯಿಂದ ಎಲ್ಲಾ ಕಾಣಿಸುತ್ತಂತಲ್ಲ. ಅದು ಏಳೋ ಹಾಗೆ ಕಂಡ್ರೆ ನಮಗೊಂದು ಫೋನು...”

“ನೀವು ನನ್ನನ್ನ ನಾಟಕದವಳು ಅಂದಿದ್ರಂತೆ?”

“ಛೆ, ಯಾರಮ್ಮ ಹೇಳಿದ್ದು? ಈ ಬೀದಿಯವರ ಬಾಯಿಗೆ ಬೀಗ ಇಲ್ಲ ನೋಡಿ.”

ಅವಳು ನಗಲಿಲ್ಲ. ಗಂಡನ ಬೆನ್ನನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

“ಅಕ್ಕಾ, ನಿಮ್ಮ ನಂಬರ್ ಹೇಳಿ.”

ನಾನು ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳತೊಡಗಿದೆ. ಗೇಟಣ್ಣ ನಮ್ಮಿಂದ ಒಂದು ಮಾರು ದೂರದಲ್ಲಿದ್ದ. ಕೊನೆಯ ಗಂಟು ಹಾಕಿ ಮುಗಿದಿತ್ತು; ಡ್ರೈವರ್ ಆಗಲೇ ಲಾರಿಯ ಬಾಗಿಲಿಗೆ ಕೈಯಿಟ್ಟಿದ್ದ. ಗೇಟಣ್ಣ ಆ ಗಂಟನ್ನು ಬಿಚ್ಚಿದ. ಹಗ್ಗದ ತುದಿಯನ್ನು ನೇರ ಮಾಡಿಕೊಂಡು, ಮತ್ತೊಮ್ಮೆ ಸುತ್ತಿ, ಬಹಳ ನಿಧಾನವಾಗಿ ಕಟ್ಟತೊಡಗಿದ. ನಾನು ಹೇಳಿ ಮುಗಿಸುವವರೆಗೆ ತಲೆಯೆತ್ತಲಿಲ್ಲ.